ಎಡಕ್ಕೆ ಹೋಗು ಅಂತೀರಿ, ಎಡ ಎಲ್ಲಿದೆ?

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ ಎಂದು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಅಧಿಸೂಚನೆ ಹೊರಡಿಸಿತು. ಬೈಕಿನವರ ಸಿಟ್ಟು ಸುದ್ದಿಯಾಯಿತು. ಅದೇ ಪಟ್ಟಿಯ ‘ಮೋಟಾರುರಹಿತ ವಾಹನ’ ಎಂಬ ಮಾತಿನೊಳಗೆ ಸೈಕಲ್ಲೂ ಇತ್ತು. ಅದರ ಬಗ್ಗೆ ದನಿ ಎತ್ತಿದವರು ಕಡಿಮೆ. ನೂರರ ವೇಗದಲ್ಲಿ ಹೋಗುವ ಕಾರುಗಳ ನಡುವೆ ಇಪ್ಪತ್ತರ ವೇಗದ ಸೈಕಲ್ ಇರಬಾರದು ಎಂಬ ವಾದದಲ್ಲಿ ಹುರುಳಿದೆ. ಆ ಮಾರ್ಚ್‌ನಲ್ಲಷ್ಟೇ ಉದ್ಘಾಟನೆಯಾಗಿದ್ದ ರಸ್ತೆಯಿಂದ ಸಾವಿನ ಸುದ್ದಿಗಳು ಬರುತ್ತಲೇ ಇದ್ದವು. ಆದರೆ ಬೆಂಗಳೂರಿನ ಅಂಚಿನ ಕೆಂಗೇರಿಯ ಆಚೆ ಕಾಗದದ ಮೇಲೆ ನಡೆದ ಈ ಹೊರದಬ್ಬುವಿಕೆ, ಕೆಂಗೇರಿಯ ಈಚೆ ಯಾವ ಅಧಿಸೂಚನೆಯೂ ಇಲ್ಲದೆ ದಶಕಗಳಿಂದ ನಡೆಯುತ್ತ ಬಂದಿದೆ. ಪಶ್ಚಿಮ ಬೆಂಗಳೂರಿನ ವಿಜಯನಗರ, ಬಸವೇಶ್ವರನಗರ, ರಾಜಾಜಿನಗರದ ರಸ್ತೆಗಳಲ್ಲಿ ಸೈಕಲ್ಲಿನವರಿಗೂ ವಾಹನದವರಿಗೂ ಆಗುವ ಬೈದಾಟದ ಬೇರು ಅಲ್ಲಿದೆ.

ಪಾಳಿ ಬಿಡುವ ಹೊತ್ತು

ರಾಜಾಜಿನಗರ ರೂಪುಗೊಂಡದ್ದೇ ಕೈಗಾರಿಕಾ ಉಪನಗರವಾಗಿ. 1949ರಲ್ಲಿ ಆರಂಭವಾದ ಬಡಾವಣೆಗೆ ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರ ಹೆಸರು ಬಂತು. 1957ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಇಲ್ಲಿಗೆ ಬಂತು. ಸುತ್ತಮುತ್ತ ಬಿನ್ನಿ ಮಿಲ್, ಮಿನರ್ವ ಮಿಲ್, ಮೈಸೂರು ಲ್ಯಾಂಪ್ಸ್. ಮನೆಗೂ ಕಾರ್ಖಾನೆಗೂ ಇದ್ದ ಎರಡು ಮೂರು ಮೈಲಿಗೆ ಸೈಕಲ್ ಹೇಳಿ ಮಾಡಿಸಿದ ವಾಹನ. ಪಾಳಿ ಬಿಟ್ಟರೆ ಹ್ಯಾಂಡಲ್ಲಿಗೆ ಊಟದ ಕ್ಯಾರಿಯರ್ ತೂಗುಹಾಕಿಕೊಂಡವರೇ ರಸ್ತೆ ತುಂಬ ಕಾಣುತ್ತಿದ್ದರು.

ಆಗಲೂ ಜಗಳವಿತ್ತು, ಪೊಲೀಸರ ಜೊತೆಗೆ. ಸೈಕಲ್ಲಿಗೆ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಬೇಕಿತ್ತು, ಕತ್ತಲಾದರೆ ದೀಪ ಇರಬೇಕಿತ್ತು, ಡಬಲ್ ರೈಡ್ ಕೂಡದಾಗಿತ್ತು. ಸರ್ಕಲ್ಲಿನಲ್ಲಿ ಪೇದೆ ಕಂಡರೆ ಹಿಂದೆ ಕುಳಿತವನು ಹತ್ತು ಮಾರು ಮೊದಲೇ ಧುಮುಕಿ, ನಡೆದು ದಾಟಿ, ಆಚೆ ಮತ್ತೆ ಹತ್ತುತ್ತಿದ್ದ. ಕಿರಿಕಿರಿಯೇ ಸರಿ. ಆದರೂ ಆಡಳಿತದ ಕಣ್ಣಿಗೆ ಸೈಕಲ್ ಒಂದು ವಾಹನವಾಗಿತ್ತು, ಅದಕ್ಕೊಂದು ದಾಖಲೆ ಇತ್ತು. ಮುಂದೆ ಬಿಲ್ಲೆ ಹೋಯಿತು, ಅದರ ಜೊತೆ ಲೆಕ್ಕವೂ ಹೋಯಿತು. ಇಂದು ಆರ್‌ಟಿಒ ಎಣಿಸುವುದು ಮೋಟಾರು ವಾಹನಗಳನ್ನು ಮಾತ್ರ. ಲೆಕ್ಕದಲ್ಲಿ ಇಲ್ಲದ್ದಕ್ಕೆ ನಕ್ಷೆಯಲ್ಲೂ ಜಾಗ ಸಿಗುವುದಿಲ್ಲ.

ಲೂನಾದಿಂದ ಮೇಲ್ಸೇತುವೆವರೆಗೆ

1972ರಲ್ಲಿ ಲೂನಾ ಮೊಪೆಡ್ ಬಂತು. 1983ರ ಕೊನೆಗೆ ಮಾರುತಿ 800, ಅದರ ಬೆನ್ನಿಗೇ ಇಂಡ್-ಸುಜುಕಿ, ಹೀರೊ ಹೋಂಡಾಗಳ ನೂರು ಸಿಸಿ ಬೈಕುಗಳು. ಪೆಟ್ರೋಲ್ ಕಡಿಮೆ ಕುಡಿಯುವ ಗಾಡಿ ತಿಂಗಳ ಕಂತಿನಲ್ಲಿ ಮನೆ ಬಾಗಿಲಿಗೆ ಬಂದಾಗ ಸೈಕಲ್ ಮೆಟ್ಟಿಲ ಕೆಳಗಿನ ಮೂಲೆ ಸೇರಿತು. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಪ್ಪ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದ ದೂರ ಮಗನಿಗೆ ಎಲೆಕ್ಟ್ರಾನಿಕ್ ಸಿಟಿಯವರೆಗೆ, ವೈಟ್‌ಫೀಲ್ಡ್‌ವರೆಗೆ ಹಿಗ್ಗಿತು. 2022ರ ಹೊತ್ತಿಗೆ ಬೆಂಗಳೂರಿನ ನೋಂದಾಯಿತ ವಾಹನಗಳು ಒಂದು ಕೋಟಿ ದಾಟಿದವು.

ಇಷ್ಟು ವಾಹನಗಳಿಗೆ ದಾರಿ ಮಾಡಲು ರಸ್ತೆಗಳನ್ನು ಮತ್ತೆ ಮತ್ತೆ ಕಟ್ಟಲಾಯಿತು. ವೆಸ್ಟ್ ಆಫ್ ಕಾರ್ಡ್ ರೋಡಿನಲ್ಲಿ ಮಂಜುನಾಥನಗರ, ಶಿವನಗರದ ಬಳಿ ಮೇಲ್ಸೇತುವೆಗಳು ಎದ್ದವು. 2014ರ ಮಾರ್ಚ್‌ನಲ್ಲಿ ರಾಜಾಜಿನಗರದ ಮೇಲೆ, 2015ರ ನವೆಂಬರ್‌ನಲ್ಲಿ ವಿಜಯನಗರದ ಮೇಲೆ ಮೆಟ್ರೊ ಓಡಿತು. 2021ರ ಆಗಸ್ಟ್‌ನಲ್ಲಿ ಅದು ಕೆಂಗೇರಿ ಮುಟ್ಟಿತು. ಊರಿಗೆ ಇವೆಲ್ಲ ಬೇಕಾಗಿದ್ದವೇ. ಆದರೆ ಮೆಟ್ರೊ ಕಂಬ ರಸ್ತೆಯ ನಡುವೆ ನಿಂತಿತು, ನಿಲ್ದಾಣದ ಮೆಟ್ಟಿಲು ಬದಿಯಲ್ಲಿ ಇಳಿಯಿತು. ಕಾರಿನ ಸಾಲುಗಳನ್ನು ಕಡಿಮೆ ಮಾಡುವಂತಿರಲಿಲ್ಲ. ಕರಗಿದ್ದು ಅಂಚು. ‘ಸಿಗ್ನಲ್ ಮುಕ್ತ’ ಎಂದಾಗ ಕಾರಿನವನಿಗೆ ನಿಲ್ಲುವ ಕಷ್ಟ ತಪ್ಪಿತು, ಸೈಕಲ್ಲಿನವನಿಗೆ ದಾಟಲು ಸಿಗುತ್ತಿದ್ದ ಅರೆ ನಿಮಿಷ ತಪ್ಪಿತು.

ಎಡಬದಿಯ ಪಾಡು

‘ಸೈಡಲ್ಲಿ ಹೋಗಪ್ಪಾ’ ಎನ್ನುವ ಚಾಲಕ ಆ ಸೈಡಿನಲ್ಲಿ ಏನಿದೆ ಎಂದು ನೋಡಿರುವುದಿಲ್ಲ. ಅಲ್ಲಿ ನಿಲ್ಲಿಸಿದ ಕಾರುಗಳ ಸಾಲಿದೆ, ಯಾವ ಬಾಗಿಲು ಯಾವಾಗ ತೆರೆಯುತ್ತದೋ ತಿಳಿಯದು. ಮಳೆ ಹೊತ್ತು ತಂದ ಮರಳಿದೆ, ರಸ್ತೆ ಮಟ್ಟಕ್ಕಿಂತ ಕೆಳಗಿಳಿದ ಮ್ಯಾನ್‌ಹೋಲ್ ಮುಚ್ಚಳವಿದೆ. ಬಸ್ ನಿಲ್ದಾಣವೂ ಅಲ್ಲೇ. ಬಸ್ಸು ಸೈಕಲ್ಲನ್ನು ಹಿಂದೆ ಹಾಕಿ ಮುಂದೆ ನಿಲ್ಲುತ್ತದೆ, ಸೈಕಲ್ ಬಲಕ್ಕೆ ಸರಿದು ಅದನ್ನು ದಾಟುತ್ತದೆ, ಹೊರಟ ಬಸ್ಸು ಮತ್ತೆ ಹಾರ್ನ್ ಹೊಡೆಯುತ್ತದೆ. ಮಾಗಡಿ ರಸ್ತೆಯಲ್ಲಿ ಈ ಕಣ್ಣಾಮುಚ್ಚಾಲೆ ಸಂಜೆಯಿಡೀ ನಡೆಯುತ್ತದೆ. ಬಸ್ಸಿನ ಎಡ ಮೂಲೆ ಚಾಲಕನಿಗೆ ಸರಿಯಾಗಿ ಕಾಣುವುದಿಲ್ಲ, ಅವನಿಗೆ ವೇಳೆ ತಪ್ಪುವ ಚಿಂತೆ ಬೇರೆ.

ಸೈಕಲ್ಲಿನವರ ತಪ್ಪುಗಳೂ ಸಣ್ಣವಲ್ಲ. ಡೈನಮೊ ಕಾಲದಲ್ಲಿ ಕಡ್ಡಾಯವಾಗಿದ್ದ ದೀಪ, ಇಷ್ಟು ಅಗ್ಗವಾಗಿರುವ ಈ ಕಾಲದಲ್ಲಿ ಬಹಳ ಸೈಕಲ್ಲುಗಳಲ್ಲಿ ಇಲ್ಲ. ರಸ್ತೆ ವಿಭಜಕದ ತೆರಪು ಅರ್ಧ ಕಿಲೋಮೀಟರ್ ದೂರವಿದ್ದರೆ ಎದುರು ದಿಕ್ಕಿನಲ್ಲೇ ಬರುತ್ತಾರೆ. ಎಡಕ್ಕೆ ತಿರುಗುವ ಚಾಲಕ ಆ ಕಡೆಯಿಂದ ಯಾರಾದರೂ ಬಂದಾರು ಎಂದು ಊಹಿಸಲಾರ. ಎರಡು ಕಡೆಯೂ ತಪ್ಪಿದೆ, ಪೆಟ್ಟು ಮಾತ್ರ ಒಂದೇ ಕಡೆಗೆ.

ಇಬ್ಬರು ಸವಾರರು

ಪಶ್ಚಿಮ ಬೆಂಗಳೂರಿನಲ್ಲಿ ಈಗ ಎರಡು ಬಗೆಯ ಸೈಕಲ್ ಸವಾರರಿದ್ದಾರೆ. ಭಾನುವಾರ ನಸುಕಿನಲ್ಲಿ ಹೆಲ್ಮೆಟ್, ಮಿನುಗುವ ಕೆಂಪು ದೀಪ ತೊಟ್ಟು ಕೆಂಗೇರಿ ಕಡೆ ಗುಂಪಾಗಿ ಹೊರಡುವವರು ಒಂದು ಬಗೆ. 2008ರಲ್ಲಿ ‘ಟೂರ್ ಆಫ್ ನೀಲಗಿರೀಸ್’ ಸೈಕಲ್ ಯಾತ್ರೆ ಶುರುವಾದ ಮೇಲೆ, ಮತ್ತೆ 2020ರ ಲಾಕ್‌ಡೌನ್ ಹೊತ್ತಿಗೆ ಇವರ ಸಂಖ್ಯೆ ಬೆಳೆಯಿತು. ಇನ್ನೊಂದು ಬಗೆ ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿಯವರು, ಪೇಪರ್ ಹಾಕುವ ಹುಡುಗರು, ಫ್ಲಾಸ್ಕಿನಲ್ಲಿ ಟೀ ಮಾರುವವರು, ಗಾರೆ ಕೆಲಸಕ್ಕೆ ಹೋಗುವವರು. ಮೊದಲಿನವರು ಸೈಕಲ್ ಬಿಟ್ಟು ಕಾರು ಹತ್ತಬಲ್ಲರು, ಎರಡನೆಯವರಿಗೆ ಆ ಆಯ್ಕೆಯಿಲ್ಲ. ಸಭೆಗಳಲ್ಲಿ ಕೇಳುವುದು ಮೊದಲಿನವರ ದನಿ. ವಾರವಿಡೀ ಎಡಬದಿಯಲ್ಲಿ ಜೀವ ಹಿಡಿದುಕೊಂಡು ಹೋಗುವವರು ಎರಡನೆಯವರು.

ಬಣ್ಣ ಮಾಸಿದ ಪಟ್ಟಿಗಳು

ಸರ್ಕಾರ ಏನೂ ಮಾಡಿಲ್ಲ ಎನ್ನುವಂತಿಲ್ಲ. ಜಯನಗರದಲ್ಲಿ ಸೈಕಲ್ ಪಥ ಬಂತು, ಅದರ ಮೇಲೆ ಕಾರು ನಿಂತವು. 2020ರಲ್ಲಿ ನಗರದ ಪೂರ್ವದ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಮಾಡಿದ ಪಥಕ್ಕೂ ಬೈಕುಗಳು ನುಗ್ಗಿದವು. 2021ರಲ್ಲಿ ಕೇಂದ್ರದ ‘ಸೈಕಲ್ಸ್ ಫಾರ್ ಚೇಂಜ್’ ಸ್ಪರ್ಧೆಯಲ್ಲಿ ಗೆದ್ದ 11 ನಗರಗಳಲ್ಲಿ ಬೆಂಗಳೂರೂ ಒಂದಾಯಿತು. ಅದೇ ಹೊತ್ತಿಗೆ ನಗರ ಭೂಸಾರಿಗೆ ನಿರ್ದೇಶನಾಲಯ ಪಾದಚಾರಿಗಳ, ಸೈಕಲ್ ಸವಾರರ ಹಕ್ಕುಗಳನ್ನು ಹೇಳುವ ಕರಡು ಮಸೂದೆಯನ್ನು ಜನರ ಮುಂದಿಟ್ಟಿತು. ಸೈಕಲ್ ಪಥದ ಮೇಲೆ ಮೋಟಾರು ವಾಹನ ಓಡಿಸಬಾರದೆಂಬ ನಿಯಮವಂತೂ ಮೊದಲಿಂದಲೂ ಇದೆ. ಬಣ್ಣ ಬಳಿಯುವುದು ಸುಲಭ, ಬಳಿದ ಮೇಲೆ ಕಾಯುವವರಿಲ್ಲ.

ಪಶ್ಚಿಮ ಬೆಂಗಳೂರಿಗೆ ಬೇಕಾದದ್ದು ಉದ್ದುದ್ದ ಪಥಗಳಿಗಿಂತ ದಾಟುವ ಜಾಗಗಳು. ರಾಜಾಜಿನಗರದ ಬ್ಲಾಕುಗಳು, ಬಸವೇಶ್ವರನಗರದ ಅಡ್ಡರಸ್ತೆಗಳು ಗೆರೆ ಎಳೆದಂತೆ ನೇರವಾಗಿವೆ, ಸೈಕಲ್ಲಿಗೆ ಇಂದಿಗೂ ಹಿತವಾಗಿವೆ. ಸವಾರಿ ಕಡಿದು ಬೀಳುವುದು ಕಾರ್ಡ್ ರೋಡಿನಲ್ಲಿ, ಮಾಗಡಿ ರಸ್ತೆಯಲ್ಲಿ. ಅಲ್ಲಿ ನಾಲ್ಕಾರು ಕಡೆ ಸಿಗ್ನಲ್ ಸಹಿತ ದಾಟುದಾರಿ ಕೊಟ್ಟು, ಒಳರಸ್ತೆಗಳ ವೇಗವನ್ನು 30ಕ್ಕೆ ಇಳಿಸಿದರೆ ಅರ್ಧ ಜಗಳ ಮುಗಿಯುತ್ತದೆ. ವೇಗ ಎರಡು ಪಟ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಒಳದಾರಿಗಳು ವಾಹನಗಳ ಅಡ್ಡದಾರಿಯಾದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ನೋಡಿದೆ. 2022ರ ಅಕ್ಟೋಬರ್‌ನಲ್ಲಿ ಅಲ್ಲಿ ಬಸ್ಸಿಗೆ ಸಿಕ್ಕಿದ ವಿದ್ಯಾರ್ಥಿನಿ ತೀರಿಕೊಂಡರು. ಹೊರಗಿನ ವಾಹನಗಳನ್ನು ತಡೆಯಿರಿ ಎಂದು ವಿದ್ಯಾರ್ಥಿಗಳು ಬೀದಿಗಿಳಿಯಬೇಕಾಯಿತು.

ಅದಕ್ಕೆಲ್ಲ ಕಾಯದೆ ನಾಳೆಯೇ ಮಾಡಬಹುದಾದದ್ದೂ ಇದೆ. ಜರ್ಮನಿ 2020ರಿಂದ ಊರೊಳಗೆ ಸೈಕಲ್ಲನ್ನು ಹಿಂದಿಕ್ಕುವಾಗ ಒಂದೂವರೆ ಮೀಟರ್ ಅಂತರ ಕಡ್ಡಾಯ ಮಾಡಿದೆ. ನಮ್ಮ ಇಕ್ಕಟ್ಟಿನಲ್ಲಿ ಅಷ್ಟು ಆಗದಿದ್ದರೆ ಹಾರ್ನ್ ಬಿಟ್ಟು ಬ್ರೇಕ್ ಒತ್ತಿ, ಹತ್ತು ಸೆಕೆಂಡ್ ಹಿಂದೆಯೇ ಬನ್ನಿ. ಕಾರಿನ ಬಾಗಿಲು ತೆರೆಯುವ ಮುನ್ನ ಕನ್ನಡಿ ನೋಡಿ. ಸೈಕಲ್ಲಿನವರೇ, ಹಿಂದಕ್ಕೊಂದು ಕೆಂಪು ದೀಪ ಹಾಕಿಸಿ, ಎದುರು ದಿಕ್ಕಿನಲ್ಲಿ ಬರಬೇಡಿ. ಇನ್ನು ರಸ್ತೆ ಕಟ್ಟುವವರಿಗೆ ಒಂದೇ ಕೋರಿಕೆ: ಮುಂದಿನ ಮೇಲ್ಸೇತುವೆಯ ನಕ್ಷೆ ಬಿಡಿಸುವ ಮೊದಲು ಒಂದು ದಿನ ಆ ಜಾಗದಲ್ಲಿ ನಿಂತು ಸೈಕಲ್ಲುಗಳನ್ನು ಎಣಿಸಿ.