17254, 32768: ಇದು ಯಾವುದರ ಲೆಕ್ಕ?

ಪ್ಯಾನೆಲ್ ಬಾಗಿಲಿನ ಮೀಟರು 230.5 ವೋಲ್ಟ್ ತೋರಿಸುತ್ತಿದೆ. ಅದೇ ಮೀಟರಿನ ಹಿಂಬದಿಯಿಂದ ಎರಡೆಳೆ ತಂತಿ ಎಳೆದು ಲ್ಯಾಪ್‌ಟಾಪಿಗೆ ಜೋಡಿಸಿ, ಹತ್ತು ಹದಿನೈದು ಸಾಲಿನ ಪೈಥಾನ್ ಸ್ಕ್ರಿಪ್ಟ್ ಓಡಿಸಿದರೆ ಪರದೆಯ ಮೇಲೆ ಮೂಡುವುದು ಬೇರೆಯೇ ಎರಡು ಸಂಖ್ಯೆ: 17254, 32768. ತಂತಿಯಲ್ಲಿ ದೋಷವಿಲ್ಲ. ಸ್ಕ್ರಿಪ್ಟೂ ಸರಿ, ಮೀಟರೂ ಸರಿ. ಆ 230.5 ಈ ಎರಡು ಸಂಖ್ಯೆಗಳೊಳಗೇ ಕೂತಿದೆ. ಯಂತ್ರದಿಂದ ಸಂಖ್ಯೆ ತರುವುದು ಈಗ ಅಷ್ಟೇನೂ ಕಷ್ಟದ ಕೆಲಸವಲ್ಲ. ಬಂದ ಸಂಖ್ಯೆ ಯಾವುದರದ್ದು, ಯಾವ ಅಳತೆಯದ್ದು, ಯಾವ ಹೊತ್ತಿನದ್ದು ಎಂದು ಖಚಿತವಾಗಿ ಹೇಳುವುದೇ ಕಷ್ಟ. ಈ ಲೇಖನ ಆ ಕಷ್ಟದ ಬಗ್ಗೆ.

ಇದೆಲ್ಲ ದೊಡ್ಡ ಕಂಪನಿಗಳ ತಲೆನೋವು ಎಂದುಕೊಳ್ಳಬೇಕಿಲ್ಲ. ಪೀಣ್ಯದಲ್ಲೋ, ಬೆಳಗಾವಿಯ ಉದ್ಯಮಬಾಗ್‌ನಲ್ಲೋ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಇರುವ ಸಣ್ಣ ಕಾರ್ಖಾನೆಗಳಿಗೇ ಇದು ಹೆಚ್ಚು ಬೇಕು. ಅಂಥ ಕಡೆ ಯಂತ್ರದ ಪಕ್ಕದಲ್ಲಿ ಒಂದು ಲಾಗ್ ಬುಕ್ ಇರುತ್ತದೆ. ಗಂಟೆಗೊಮ್ಮೆ ಆಪರೇಟರ್ ಬಂದು ಉಷ್ಣತೆ, ಒತ್ತಡ, ವೋಲ್ಟೇಜ್, ಯೂನಿಟ್ ಬರೆದು ಸಹಿ ಹಾಕಬೇಕು. ಒಬ್ಬರೇ ಮೂರು ಯಂತ್ರ ನೋಡಿಕೊಳ್ಳುವಾಗ ಪುಸ್ತಕ ಹಿಂದೆ ಬೀಳುತ್ತದೆ. ಪಾಳಿ ಮುಗಿಯುವ ಹೊತ್ತಿಗೆ ಮೂರ್ನಾಲ್ಕು ಗಂಟೆಯ ರೀಡಿಂಗ್ ಒಟ್ಟಿಗೆ ತುಂಬುವುದೂ ಉಂಟು. ಹಾಗೆ ಬರೆದವರನ್ನು ದೂರುವುದು ಅನ್ಯಾಯ. ಗಂಟೆಗೊಮ್ಮೆ ತಪ್ಪದೆ ಬರೆದರೂ ನಡುವಿನ 59 ನಿಮಿಷದಲ್ಲಿ ಏನಾಯಿತೆಂದು ಆ ಪುಸ್ತಕ ಹೇಳಲಾರದು. ಫೌಂಡ್ರಿಯೊಂದರಲ್ಲಿ ಇಂಡಕ್ಷನ್ ಫರ್ನೇಸ್ ಪೂರ್ತಿ ಏರಿದ್ದಾಗಲೇ ಎರಡು ಕಂಪ್ರೆಸರ್‌ಗಳೂ ಕೂಡಿಕೊಂಡರೆ ಆ ತಿಂಗಳ ಗರಿಷ್ಠ ಬೇಡಿಕೆ ಅಷ್ಟರಲ್ಲೇ ನಿಗದಿಯಾಗಿಬಿಡಬಹುದು. ಒಪ್ಪಂದದ ಮಿತಿ ದಾಟಿದರೆ ಹೈಟೆನ್ಷನ್ ಸಂಪರ್ಕದವರು ದಂಡ ತೆರಬೇಕು. ಬಿಲ್ ಬಂದ ಮೇಲೆ ಲಾಗ್ ಬುಕ್ ತಿರುವಿದರೆ ಯಾವ ದಿನ, ಯಾವ ಹೊತ್ತು ಎಂಬುದು ಸಿಗುವುದಿಲ್ಲ. ಹತ್ತು ಸೆಕೆಂಡಿಗೊಮ್ಮೆ ಮೀಟರು ಓದಿ ಕಡತಕ್ಕೆ ಬರೆದಿಡುವ ಸ್ಕ್ರಿಪ್ಟ್ ಇದ್ದರೆ ಸಿಗುತ್ತದೆ.

ಸ್ಕ್ರಿಪ್ಟಿಗೂ ಮೀಟರಿಗೂ ನಡುವೆ ನಡೆಯುವ ಮಾತಿನ ಮೂಲ ಪಿಎಲ್‌ಸಿಯಲ್ಲಿದೆ. ಯಂತ್ರಗಳನ್ನು ನಡೆಸುವ ಈ ನಿಯಂತ್ರಕ ಹುಟ್ಟಿದ್ದು ಅಮೆರಿಕದ ಕಾರು ಕಾರ್ಖಾನೆಗಳ ಅವಸರದಲ್ಲಿ. ಹೊಸ ಮಾದರಿ ಬಂದಾಗಲೆಲ್ಲ ಗೋಡೆ ತುಂಬ ಜೋಡಿಸಿದ್ದ ರಿಲೇಗಳ ತಂತಿ ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತಿತ್ತು. ಡಿಕ್ ಮಾರ್ಲಿ ಮತ್ತು ಅವರ ಬೆಡ್‌ಫರ್ಡ್ ಅಸೋಸಿಯೇಟ್ಸ್ ತಂಡ 1968ರಲ್ಲಿ ಇದಕ್ಕೊಂದು ಪರ್ಯಾಯ ರೂಪಿಸಿತು. ಅದು ಅವರ 84ನೇ ಯೋಜನೆ. ಯಂತ್ರಕ್ಕೆ ಮೋಡಿಕಾನ್ 084 ಎಂದೇ ಹೆಸರಾಯಿತು. ಅದೇ ಹೆಸರಿನ ಮೋಡಿಕಾನ್ ಕಂಪನಿ 1979ರಲ್ಲಿ ತನ್ನ ನಿಯಂತ್ರಕಗಳು ಪರಸ್ಪರ ಮಾತಾಡಲು ಮಾಡ್‌ಬಸ್ ಎಂಬ ನಿಯಮಾವಳಿ ಪ್ರಕಟಿಸಿತು. ಯಾರು ಬೇಕಾದರೂ ಬಳಸಬಹುದು, ಕಲಿಯಲು ಸುಲಭ. ಹಾಗಾಗಿಯೇ ಅದು ಉಳಿಯಿತು. ಇಂದಿಗೂ ವಿದ್ಯುತ್ ಮೀಟರು, ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್, ಉಷ್ಣತಾ ನಿಯಂತ್ರಕ, ಡೀಸೆಲ್ ಜನರೇಟರ್, ಸೌರ ಇನ್ವರ್ಟರ್ ಇವುಗಳಲ್ಲಿ ಬಹುಪಾಲು ಮಾಡ್‌ಬಸ್ ಮಾತಾಡುತ್ತವೆ.

ಮಾಡ್‌ಬಸ್ ಲೋಕದಲ್ಲಿ ಅಳತೆಯ ಮೌಲ್ಯಗಳು ರಿಜಿಸ್ಟರ್‌ಗಳಲ್ಲಿ ಇರುತ್ತವೆ. ಚೀಟಿ ಅಂಟಿಸದೆ ಸಾಲಾಗಿ ಇಟ್ಟ ಕಿರಾಣಿ ಅಂಗಡಿಯ ಡಬ್ಬಗಳು ಎಂದುಕೊಳ್ಳಿ. ಪ್ರತಿ ಡಬ್ಬದಲ್ಲೂ 16 ಬಿಟ್ ಹಿಡಿಯುತ್ತದೆ, ಅಂದರೆ 0ಯಿಂದ 65535ರವರೆಗಿನ ಒಂದು ಪೂರ್ಣಾಂಕ. ನೂರನೇ ಡಬ್ಬದಲ್ಲಿ ಏನಿದೆ ಎಂದು ಕೇಳಿದರೆ ನಿಯಂತ್ರಕ ಒಳಗಿರುವುದನ್ನು ಎಣಿಸಿ ಹೇಳುತ್ತದೆ. ಅದು ವೋಲ್ಟೋ, ಡಿಗ್ರಿಯೋ, ಮೋಟಾರಿನ ಸುತ್ತೋ ಎಂದು ಹೇಳುವುದಿಲ್ಲ. ಆ ಮಾಹಿತಿ ಇರುವುದು ತಯಾರಕರು ಕೊಟ್ಟ ರಿಜಿಸ್ಟರ್ ಪಟ್ಟಿಯಲ್ಲಿ, ಇಲ್ಲವೇ ಪ್ಯಾನೆಲ್ ಕಟ್ಟಿಕೊಟ್ಟು ಹೋದವರ ತಲೆಯಲ್ಲಿ.

ಪಟ್ಟಿ ಕೈಯಲ್ಲಿದ್ದರೂ ಮೊದಲ ಎಡವು ವಿಳಾಸದಲ್ಲೇ ಕಾದಿರುತ್ತದೆ. ಹಲವು ಕೈಪಿಡಿಗಳು ಮೊದಲ ರಿಜಿಸ್ಟರನ್ನು 40001 ಎಂದು ಬರೆಯುತ್ತವೆ. ತಂತಿಯ ಮೇಲೆ ಅದರ ವಿಳಾಸ 0. ಕೈಪಿಡಿಯಲ್ಲಿ 40101 ಎಂದಿದ್ದರೆ ಸ್ಕ್ರಿಪ್ಟಿನಲ್ಲಿ 100 ಎಂದು ಕೇಳಬೇಕು. 101 ಎಂದು ಕೇಳಿದರೆ ಸಾಮಾನ್ಯವಾಗಿ ಯಾವ ದೋಷಸಂದೇಶವೂ ಬರುವುದಿಲ್ಲ, ಪಕ್ಕದ ಡಬ್ಬದ ಸಂಖ್ಯೆ ಬರುತ್ತದೆ. ಒಂದು ಫೇಸಿಗೆ ಒಂದೇ ಡಬ್ಬ ಬಳಸುವ ಮೀಟರಿನಲ್ಲಿ ಆರ್ ಫೇಸಿನ ವೋಲ್ಟೇಜ್ ಬದಲು ವೈ ಫೇಸಿನದು ಬಂದರೆ ಎರಡೂ 230ರ ಆಸುಪಾಸೇ ಆದ್ದರಿಂದ ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದೆ ಹೋಗಬಹುದು.

ಈಗ 230.5 ಅಡಗಿರುವ ಜಾಗ ನೋಡೋಣ. ದಶಮಾಂಶವಿರುವ ಸಂಖ್ಯೆ 16 ಬಿಟ್‌ನ ಒಂದು ಡಬ್ಬದಲ್ಲಿ ನೇರವಾಗಿ ಹಿಡಿಸದು. ಆದ್ದರಿಂದ ಮೀಟರು ಅದನ್ನು 32 ಬಿಟ್ ಮಾಡಿ ಅಕ್ಕಪಕ್ಕದ ಎರಡು ಡಬ್ಬಗಳಿಗೆ ಹಂಚುತ್ತದೆ. ಈ 32 ಬಿಟ್‌ಗಳ ವಿನ್ಯಾಸ 1985ರಲ್ಲಿ ಬಂದ ಐಇಇಇ 754 ಎಂಬ ಮಾನಕದ್ದು. ಮೊದಲ ಬಿಟ್ ಧನವೋ ಋಣವೋ ಎಂಬ ಗುರುತು. ಮುಂದಿನ 8 ಬಿಟ್ ಎರಡರ ಘಾತ. ಉಳಿದ 23 ಬಿಟ್ ಭಿನ್ನಭಾಗ. ನಮ್ಮ 17254 ಮತ್ತು 32768ನ್ನು ಹೀಗೆ ಬಿಡಿಸಿದರೆ ಗುರುತಿನ ಬಿಟ್ 0, ಅಂದರೆ ಧನ. ಘಾತದ ಬಿಟ್‌ಗಳ ಬೆಲೆ 134. ಮಾನಕದ ಪ್ರಕಾರ ಅದರಿಂದ 127 ಕಳೆದರೆ 7 ಉಳಿಯುತ್ತದೆ. ಎರಡರ ಏಳನೇ ಘಾತ 128. ಭಿನ್ನಭಾಗ ಸೇರಿಸಿಕೊಂಡ ಗುಣಕ 1.80078125. 128ನ್ನು ಇದರಿಂದ ಗುಣಿಸಿದರೆ ಸರಿಯಾಗಿ 230.5. ಸ್ಕ್ರಿಪ್ಟಿನಲ್ಲಿ ಇದಕ್ಕೆ ಒಂದೇ ಸಾಲು ಸಾಕು, ಆದರೂ ಒಮ್ಮೆ ಕಾಗದದ ಮೇಲೆ ಕೈಯಾರೆ ಬಿಡಿಸಿ ನೋಡಿದವರಿಗೆ ಮುಂದೆ ಬರುವ ತೊಡಕುಗಳು ಹೆದರಿಸುವುದಿಲ್ಲ.

ತೊಡಕು ಏನೆಂದರೆ, ಎರಡು ಡಬ್ಬಗಳಲ್ಲಿ ಯಾವುದು ಮೊದಲು ಎಂದು ಮಾಡ್‌ಬಸ್ ನಿಯಮ ಹೇಳುವುದಿಲ್ಲ. ಒಬ್ಬ ತಯಾರಕ ಮೇಲಿನ 16 ಬಿಟ್ ಮೊದಲು ಕಳಿಸುತ್ತಾನೆ, ಇನ್ನೊಬ್ಬ ಕೆಳಗಿನದನ್ನು. ಅದಲುಬದಲಾಗಿ ಜೋಡಿಸಿದರೆ ಅದೇ 230.5 ಒಂದು ಋಣ ಸಂಖ್ಯೆಯಾಗುತ್ತದೆ: ದಶಮಾಂಶ ಬಿಂದುವಿನ ನಂತರ 40 ಸೊನ್ನೆ, ಆಮೇಲೆ 242. ಎರಡು ದಶಮಾಂಶಕ್ಕೆ ಸೀಮಿತಗೊಳಿಸಿದ ಪರದೆಯಲ್ಲಿ ಅದು ಬರೀ −0.00. ನೋಡಿದವರು ಲೈನಿನಲ್ಲಿ ಕರೆಂಟಿಲ್ಲ ಎಂದುಕೊಳ್ಳುತ್ತಾರೆ. ಕರೆಂಟಿದೆ ಎಂದು ಗೊತ್ತಿರುವವರು ಮೀಟರನ್ನೇ ಬದಲಿಸಲು ಹೊರಡುತ್ತಾರೆ.

ಇಷ್ಟು ಎದ್ದು ಕಾಣುವ ತಪ್ಪು ಒಂದು ಲೆಕ್ಕದಲ್ಲಿ ಒಳ್ಳೆಯದೇ, ಬೇಗ ಸಿಕ್ಕಿಬೀಳುತ್ತದೆ. ನನಗೆ ಹೆಚ್ಚು ಭಯ ಸರಿಯಂತೆ ಕಾಣುವ ತಪ್ಪಿನದು. ಯೂನಿಟ್ ಎಣಿಸುವ 32 ಬಿಟ್ ಲೆಕ್ಕವೊಂದರ ಕೆಳಗಿನ ಡಬ್ಬವನ್ನಷ್ಟೇ ಓದುವ ಸ್ಕ್ರಿಪ್ಟ್ ಬರೆದಿದ್ದಾರೆ ಎಂದಿಟ್ಟುಕೊಳ್ಳಿ. ಮೀಟರು 65535 ದಾಟುವವರೆಗೆ ಎಲ್ಲವೂ ಚಾಚೂ ತಪ್ಪದೆ ಹೊಂದುತ್ತದೆ. 70000 ತಲುಪಿದ ದಿನ ಸ್ಕ್ರಿಪ್ಟ್ 4464 ಎನ್ನುತ್ತದೆ. ಋಣ ಸಂಖ್ಯೆಗಳದ್ದೂ ಇದೇ ಕಥೆ. ಮಲ್ಪೆ, ಮಂಗಳೂರು ಕಡೆಯ ಮೀನು ಸಂಸ್ಕರಣಾ ಘಟಕಗಳಲ್ಲಿ ಹೆಪ್ಪುಗಟ್ಟಿಸಿದ ಮೀನನ್ನು ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗೆ ಇಡುತ್ತಾರೆ. ಒಂದು ದಶಮಾಂಶ ಉಳಿಸಲು ಹತ್ತರಿಂದ ಗುಣಿಸಿ ಕಳಿಸುವ ನಿಯಂತ್ರಕದಲ್ಲಿ ಅದು −180. ಧನ ಸಂಖ್ಯೆಯೆಂದು ಓದಿದರೆ 65356. ಅಷ್ಟು ದೊಡ್ಡ ಸಂಖ್ಯೆ ಸೆನ್ಸರಿನ ದೋಷವಿರಬೇಕೆಂದು ಸ್ಕ್ರಿಪ್ಟ್ ಅದನ್ನು ಸದ್ದಿಲ್ಲದೆ ಕೈಬಿಡುವಂತೆ ಬರೆದಿದ್ದರಂತೂ, ತಣ್ಣಗಿರುವಷ್ಟು ಹೊತ್ತೂ ದಾಖಲೆಯೇ ಇರುವುದಿಲ್ಲ.

16 ಬಿಟ್‌ನ ಮಿತಿ ಮರೆತದ್ದಕ್ಕೆ ತೆತ್ತ ದೊಡ್ಡ ಬೆಲೆಗಳಲ್ಲಿ ಏರಿಯಾನ್ 5 ರಾಕೆಟ್ ಒಂದು. 1996ರ ಜೂನ್ 4ರಂದು ಅದರ ಮೊದಲ ಹಾರಾಟ ಸುಮಾರು 40 ಸೆಕೆಂಡಿನಲ್ಲಿ ಸ್ಫೋಟದಲ್ಲಿ ಮುಗಿಯಿತು. ಏರಿಯಾನ್ 4ರಿಂದ ಹಾಗೆಯೇ ತಂದಿದ್ದ ತಂತ್ರಾಂಶ 64 ಬಿಟ್ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್ ಪೂರ್ಣಾಂಕಕ್ಕೆ ಇಳಿಸಲು ಹೋಗಿತ್ತು. ಹಳೆಯ ರಾಕೆಟ್ಟಿನ ವೇಗಕ್ಕೆ ಅದು ಹಿಡಿಸುತ್ತಿತ್ತು, ಹೊಸದರ ವೇಗಕ್ಕೆ ಹಿಡಿಸಲಿಲ್ಲ.

ಸೆನ್ಸರಿನಿಂದ ಬರುವ ಸಂಖ್ಯೆಗೆ ಅಳತೆ ಕಟ್ಟುವುದು ಇನ್ನೊಂದು ಹಂತ. ಒತ್ತಡ, ಮಟ್ಟ, ಹರಿವು ಅಳೆಯುವ ಸೆನ್ಸರುಗಳು ಸಾಮಾನ್ಯವಾಗಿ 4ರಿಂದ 20 ಮಿಲಿಆಂಪಿಯರ್ ಕರೆಂಟ್ ಕಳಿಸುತ್ತವೆ. ಸೀಮೆನ್ಸ್‌ನ ಎಸ್7 ಸರಣಿಯ ನಿಯಂತ್ರಕಗಳಲ್ಲಿ 4 ಮಿಲಿಆಂಪಿಯರ್ 0 ಆಗುತ್ತದೆ, 20 ಮಿಲಿಆಂಪಿಯರ್ 27648. ಸೆನ್ಸರು 0–10 ಬಾರಿನದಾದರೆ 13824 ಎಂದರೆ 5 ಬಾರ್. ಅಳತೆಯನ್ನು ಸೊನ್ನೆ ಕರೆಂಟಿನಿಂದ ಶುರುಮಾಡದೆ 4ರಿಂದ ಶುರುಮಾಡಿದವರ ವಿವೇಕ ದೊಡ್ಡದು. ಒತ್ತಡವೇ ಇಲ್ಲದಾಗಲೂ ತಂತಿಯಲ್ಲಿ 4 ಮಿಲಿಆಂಪಿಯರ್ ಹರಿಯುತ್ತಿರುತ್ತದೆ. ಕರೆಂಟೇ ಇಲ್ಲ ಎಂದರೆ ತಂತಿ ತುಂಡಾಗಿದೆ, ಇಲ್ಲವೇ ಸೆನ್ಸರು ಕೆಟ್ಟಿದೆ ಎಂದೇ ಅರ್ಥ. ಒತ್ತಡ ಸೊನ್ನೆ ಎಂಬುದಕ್ಕೂ ಒತ್ತಡ ಗೊತ್ತಿಲ್ಲ ಎಂಬುದಕ್ಕೂ ಇರುವ ಅಂತರವನ್ನು ಅವರು ತಂತಿಯ ಮಟ್ಟದಲ್ಲೇ ಕಾಪಾಡಿದರು.

ಸ್ಕ್ರಿಪ್ಟ್ ಬರೆಯುವವರು ಈ ಅಂತರವನ್ನು ಅಳಿಸಿಹಾಕಬಾರದು. ಉತ್ತರ ಬಾರದಿದ್ದಾಗ ಸೊನ್ನೆ ಬರೆದುಬಿಡುವುದು, ಹಿಂದಿನ ಸಂಖ್ಯೆಯನ್ನೇ ಮತ್ತೆ ಬರೆಯುವುದು, ಇವೆರಡೂ ಸುಳ್ಳು ದಾಖಲೆ. ಗ್ರಾಫಿನ ಗೆರೆ ಅಂದವಾಗಿ ಕಾಣಲಿ ಎಂದು ಹಾಗೆ ಮಾಡುತ್ತಾರೆ. ಆ ಜಾಗ ಖಾಲಿ ಬಿಡಬೇಕು, ಏಕೆ ಖಾಲಿ ಎಂದು ಪಕ್ಕದಲ್ಲಿ ಬರೆಯಬೇಕು, ಓದಿದ ಕ್ಷಣದ ಸಮಯ ಪ್ರತಿ ಸಾಲಿಗೂ ಇರಬೇಕು. ಕರೆಂಟು ಹೋಗಿಬರುವ ಊರುಗಳಲ್ಲಿ ಖಾಲಿ ಜಾಗಗಳೇ ಎಷ್ಟೋ ವಿಷಯ ಹೇಳುತ್ತವೆ.

ತಂತಿಯ ವಿಷಯ ಬೇಗ ಮುಗಿಸುತ್ತೇನೆ. ಆರ್‌ಎಸ್-485 ಎಂಬ ಎರಡೆಳೆ ಜೋಡಣೆ ಸುಮಾರು 1200 ಮೀಟರ್‌ವರೆಗೆ ಹೋಗುತ್ತದೆ. ಎ ಮತ್ತು ಬಿ ಎಂಬ ಗುರುತುಗಳನ್ನು ಎಲ್ಲ ತಯಾರಕರೂ ಒಂದೇ ರೀತಿ ಬಳಸುವುದಿಲ್ಲವಾದ್ದರಿಂದ, ಉತ್ತರ ಬಾರದಿದ್ದರೆ ಮೊದಲು ಎರಡೆಳೆ ಅದಲುಬದಲು ಮಾಡಿ ನೋಡುವುದು ಮೆಂಟೆನೆನ್ಸ್‌ನವರ ವಾಡಿಕೆ. ಒಂದೊಂದೇ ರಿಜಿಸ್ಟರ್ ಕೇಳುವ ಬದಲು ಒಟ್ಟಿಗೆ ಕೇಳಿ. ಒಂದು ಪ್ರಶ್ನೆಗೆ 125ರವರೆಗೆ ಬರುತ್ತವೆ, ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಅಷ್ಟು ಉತ್ತರ ಬರಲು ಸೆಕೆಂಡಿನ ಮೂರನೇ ಒಂದು ಭಾಗವೂ ಬೇಡ. ಆ ತಂತಿಯ ಮೇಲೆ ಪ್ರಶ್ನೆ ಕೇಳುವವರು ಒಬ್ಬರೇ ಇರಬೇಕು. ಪ್ಯಾನೆಲ್‌ನ ಪರದೆ ಆಗಲೇ ಕೇಳುತ್ತಿದ್ದರೆ ನಿಮ್ಮ ಲ್ಯಾಪ್‌ಟಾಪೂ ನಡುವೆ ಬಾಯಿ ಹಾಕಿದಾಗ ಇಬ್ಬರಿಗೂ ಬರುವ ಉತ್ತರ ಕೆಡುತ್ತದೆ. ಸೀಮೆನ್ಸ್‌ನ ಯಂತ್ರಗಳಿಗೆ ಅವುಗಳದೇ ಬೇರೆ ನಿಯಮಾವಳಿ ಇದೆ. ಈಥರ್ನೆಟ್‌ನಲ್ಲಿ ಮಾಡ್‌ಬಸ್ 502ನೇ ಪೋರ್ಟಿನಲ್ಲಿ ಕೇಳಿಸಿಕೊಂಡರೆ ಅದು 102ರಲ್ಲಿ. ಸ್ನ್ಯಾಪ್7 ಎಂಬ ಮುಕ್ತ ತಂತ್ರಾಂಶದಿಂದ ಅದನ್ನೂ ಓದಬಹುದು, ಆದರೆ ಹೊಸ ಮಾದರಿಗಳಲ್ಲಿ ಹೊರಗಿನವರಿಗೆ ಓದುವ ಅನುಮತಿಯನ್ನು ನಿಯಂತ್ರಕದೊಳಗೇ ಮೊದಲು ಕೊಡಬೇಕು.

ಅನುಮತಿಯ ಮಾತು ಹಗುರವಾಗಿ ಆಡುವಂಥದ್ದಲ್ಲ. ಮೂಲ ಮಾಡ್‌ಬಸ್‌ನಲ್ಲಿ ಪಾಸ್‌ವರ್ಡೇ ಇಲ್ಲ. ರಿಜಿಸ್ಟರ್ ಓದುವ ಆದೇಶದ ಸಂಖ್ಯೆ 3, ಬರೆಯುವ ಆದೇಶದ್ದು 6. ಇಷ್ಟೇ ಅಂತರದಲ್ಲಿ ವೋಲ್ಟೇಜ್ ನೋಡುತ್ತಿದ್ದ ಸ್ಕ್ರಿಪ್ಟ್ ಡ್ರೈವಿನ ವೇಗ ಬದಲಿಸಬಹುದು, ಆ ಹೊತ್ತಿನಲ್ಲಿ ಯಂತ್ರದೊಳಗೆ ಯಾರದೋ ಕೈ ಇರಬಹುದು. ಆದ್ದರಿಂದ ದಾಖಲೆಗೆಂದು ಬರೆದ ಸ್ಕ್ರಿಪ್ಟಿನಲ್ಲಿ ಬರೆಯುವ ಆದೇಶ ಒಂದೂ ಇರಕೂಡದು, ನಿಯಂತ್ರಕಗಳ ಜಾಲ ಅಂತರ್ಜಾಲಕ್ಕೆ ನೇರವಾಗಿ ತೆರೆದಿರಕೂಡದು. ಇವೆರಡರಲ್ಲಿ ರಾಜಿ ಸಲ್ಲದು ಎಂಬುದು ನನ್ನ ಗಟ್ಟಿ ನಿಲುವು.

2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಇನ್ನೂ ಮುಂದಿನ ಪಾಠ ಕಲಿಸಿತು. ಇರಾನಿನ ನತಾಂಜ್ ಯುರೇನಿಯಂ ಘಟಕದ ಸೀಮೆನ್ಸ್ ನಿಯಂತ್ರಕಗಳೊಳಗೆ ಹೊಕ್ಕ ಆ ಕುತಂತ್ರಾಂಶ ಸೆಂಟ್ರಿಫ್ಯೂಜ್‌ಗಳ ವೇಗ ಏರಿಳಿಸಿ ಹಾಳುಗೆಡವಿತು. ನೋಡುತ್ತಿದ್ದವರಿಗೆ ಮಾತ್ರ ಮೊದಲೇ ದಾಖಲಿಸಿಟ್ಟ ಸಹಜ ಸಂಖ್ಯೆಗಳನ್ನು ತೋರಿಸುವ ಏರ್ಪಾಡೂ ಅದರೊಳಗಿತ್ತು. ಪರದೆಯ ಸಂಖ್ಯೆಯನ್ನು ಮತ್ತೊಂದು ಪರದೆಯ ಜೊತೆ ಹೋಲಿಸಿದರೆ ಇಂಥದ್ದು ಸಿಕ್ಕಿಬೀಳುವುದಿಲ್ಲ. ಪೈಪಿನ ಮೇಲೆ ಕೂತಿರುವ ಮುಳ್ಳಿನ ಗೇಜು, ಕೈಯಲ್ಲಿ ಹಿಡಿಯುವ ಕ್ಲ್ಯಾಂಪ್ ಮೀಟರು, ಇವುಗಳ ಜೊತೆ ಆಗಾಗ ತಾಳೆ ನೋಡಬೇಕು. ನಮ್ಮ ಊರಿನ ಕಾರ್ಖಾನೆಗೆ ಅಂಥ ದಾಳಿ ಬರಲಿಕ್ಕಿಲ್ಲ, ಆದರೆ ಅದಲುಬದಲಾದ ಡಬ್ಬಗಳು ಹಾಗೂ ತಪ್ಪು ವಿಳಾಸಗಳು ಬರುತ್ತವೆ. ಅವೂ ಇದೇ ಪರೀಕ್ಷೆಯಲ್ಲಿ ಸಿಗುತ್ತವೆ.

ಬಣ್ಣಬಣ್ಣದ ಡ್ಯಾಶ್‌ಬೋರ್ಡಿಗೆ ಲಕ್ಷಗಟ್ಟಲೆ ಸುರಿಯುವ ಮೊದಲು ಒಂದು ತಿಂಗಳು ಸಾದಾ ಕಡತಕ್ಕೆ ಬರೆದುಕೊಂಡು, ದಿನವೂ ಲಾಗ್ ಬುಕ್ಕಿನ ಜೊತೆ ತಾಳೆ ನೋಡಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಅದಕ್ಕಿಂತ ಮೊದಲು ಬೇಕಾದದ್ದು ಒಂದು ಪಟ್ಟಿ: ವಿಳಾಸ, ಎಷ್ಟು ಡಬ್ಬ, ಯಾವುದು ಮೊದಲು, ಧನವೋ ಋಣವೂ ಬರುತ್ತದೋ, ಯಾವುದರಿಂದ ಭಾಗಿಸಬೇಕು, ಅಳತೆ ಏನು, ಯಾವ ಯಂತ್ರದ ಯಾವ ಭಾಗ, ಯಾರು ಯಾವಾಗ ಪರೀಕ್ಷಿಸಿದರು. ಇದು ಕನ್ನಡದಲ್ಲೇ ಇರಲಿ. ಪೈಥಾನ್ 3ರಲ್ಲಿ ಸ್ಕ್ರಿಪ್ಟಿನೊಳಗಿನ ಹೆಸರುಗಳನ್ನೂ ಕನ್ನಡ ಲಿಪಿಯಲ್ಲಿ ಬರೆಯಬಹುದು. ಒತ್ತಡ, ತಾಪಮಾನ ಎಂದೇ ಬರೆದರೂ ಅದು ಒಪ್ಪುತ್ತದೆ. ಆ ಪಟ್ಟಿ ಯಂತ್ರದ ಪಕ್ಕ ತೂಗಿದ್ದರೆ ಅದನ್ನು ಓದುವವರು ಆಪರೇಟರ್. ಬಾಯ್ಲರ್ ಒತ್ತಡ, 0–10 ಬಾರ್ ಎಂದು ಬರೆದಿರುವ ಸಾಲಿನ ಮುಂದೆ ನಿಂತು, ಆ ಸೆನ್ಸರು ಹಾಳಾಗಿ, ಕಳೆದ ದೀಪಾವಳಿಗೇ 16 ಬಾರಿನದು ಹಾಕಿದೆವಲ್ಲ ಸಾರ್ ಎಂದು ಹೇಳಬಲ್ಲವರು ಅವರೊಬ್ಬರೇ. ಅಂದಿನಿಂದ 13824 ಎಂದರೆ 5 ಬಾರ್ ಅಲ್ಲ, 8 ಬಾರ್. ಪಟ್ಟಿಗೆ ಇನ್ನೊಂದು ಅಂಕಣ ಹಾಕಿ: ಸೆನ್ಸರು ಬದಲಿಸಿದ ದಿನಾಂಕ.