ಟ್ರ್ಯಾಕ್ಟರಿನ ನಾಲ್ಕು ಗಾಲಿ ಚಾಲನೆ ಮತ್ತು ಡಿಫರೆನ್ಶಿಯಲ್

ತುಂಗಭದ್ರಾ, ಭದ್ರಾ ಮತ್ತು ಕಾವೇರಿ ಅಚ್ಚುಕಟ್ಟು ಪ್ರದೇಶಗಳಲ್ಲಿ ಭತ್ತದ ನಾಟಿಯ ಕಾಲ ಬಂತೆಂದರೆ ಟ್ರ್ಯಾಕ್ಟರುಗಳಿಗೆ ಬಿಡುವಿರುವುದಿಲ್ಲ. ಕಾಲುವೆಗೆ ನೀರು ಬಿಟ್ಟ ಕೆಲವೇ ವಾರಗಳೊಳಗೆ ಗದ್ದೆಗಳೆಲ್ಲ ಕೆಸರಾಗಬೇಕು. ಇಂಥ ಸಮಯದಲ್ಲಿ ಗದ್ದೆಯಲ್ಲಿ ಹೂತು ನಿಂತ ಟ್ರ್ಯಾಕ್ಟರು, ಅದನ್ನು ಎಳೆಯಲು ಬಂದ ಇನ್ನೊಂದು ಟ್ರ್ಯಾಕ್ಟರು, ಬದುವಿನ ಮೇಲೆ ನೆರೆದ ಜನ - ಈ ನೋಟ ರೈತರಿಗೆ ಹೊಸದಲ್ಲ. ನಾಲ್ಕು ಗಾಲಿಗೂ ಚಾಲನೆಯಿರುವ ಟ್ರ್ಯಾಕ್ಟರನ್ನು ಕೊಂಡರೆ ಈ ತೊಂದರೆ ತಪ್ಪುತ್ತದೆಂದು ಅನೇಕರು ನಂಬಿದ್ದಾರೆ. ಹೆಚ್ಚು ಹಣ ಕೊಟ್ಟು ತಂದ ಆ ಟ್ರ್ಯಾಕ್ಟರೂ ಗದ್ದೆಯ ಮೂಲೆಯಲ್ಲಿ ಮುಂದಿನದೊಂದು, ಹಿಂದಿನದೊಂದು ಗಾಲಿಯನ್ನು ಬರಿದೇ ತಿರುಗಿಸುತ್ತ ನಿಂತುಬಿಟ್ಟರೆ, ಮೋಸಹೋದೆವೆಂದು ಅನ್ನಿಸುವುದು ಸಹಜ. ಆದರೆ ಇಲ್ಲಿ ಯಂತ್ರದ ದೋಷವಿಲ್ಲ. ಅಚ್ಚಿನ ನಡುವೆ ಇರುವ ಡಿಫರೆನ್ಶಿಯಲ್ ತನ್ನ ಕೆಲಸವನ್ನು ತಾನು ಮಾಡುತ್ತಿದೆ. ಅದು ಏನು ಮಾಡುತ್ತದೆಂದು ತಿಳಿಯದೆ ನಾಲ್ಕು ಗಾಲಿಯ ಚಾಲನೆಯಿಂದ ಪೂರ್ತಿ ಪ್ರಯೋಜನ ಪಡೆಯುವುದು ಸಾಧ್ಯವಿಲ್ಲ.

ಡಿಫರೆನ್ಶಿಯಲ್ ಏಕೆ ಬೇಕು?

ಎತ್ತಿನ ಗಾಡಿಗೆ ಡಿಫರೆನ್ಶಿಯಲ್ ಬೇಕಿಲ್ಲ. ಅದರ ಎರಡು ಗಾಲಿಗಳೂ ಅಚ್ಚಿನ ಮೇಲೆ ಬೇರೆಬೇರೆಯಾಗಿ ತಿರುಗುತ್ತವೆ. ಎಳೆಯುವುದು ಎತ್ತುಗಳ ಕೆಲಸ, ಉರುಳುವುದಷ್ಟೇ ಗಾಲಿಯ ಕೆಲಸ. ಟ್ರ್ಯಾಕ್ಟರಿನಲ್ಲಿ ಗಾಲಿಯೇ ಎಳೆಯಬೇಕು. ಆದ್ದರಿಂದ ಇಂಜಿನ್ನಿನ ಶಕ್ತಿ ಅಚ್ಚಿನ ಮೂಲಕ ಎರಡೂ ಗಾಲಿಗಳಿಗೆ ಹೋಗಬೇಕಾಗುತ್ತದೆ. ಎರಡನ್ನೂ ಒಂದೇ ಕಂಬಿಗೆ ಬಿಗಿದರಾಯಿತಲ್ಲ ಎಂದು ಕೇಳಬಹುದು. ನೇರವಾಗಿ ಹೋಗುವಷ್ಟು ಹೊತ್ತು ಇದು ಸರಿಯೇ. ತಿರುಗುವಾಗ ಮಾತ್ರ ಒಳಗಿನ ಗಾಲಿಗಿಂತ ಹೊರಗಿನ ಗಾಲಿ ಹೆಚ್ಚು ದೂರ ಕ್ರಮಿಸಬೇಕು.

ಲೆಕ್ಕ ಹಾಕಿ ನೋಡಬಹುದು. ಗಾಲಿಗಳ ನಡುವಿನ ಅಂತರ 1.3 ಮೀಟರ್ ಇರುವ ಟ್ರ್ಯಾಕ್ಟರು ಸಾಲಿನ ಕೊನೆಯಲ್ಲಿ 4 ಮೀಟರ್ ತ್ರಿಜ್ಯದ ಅರ್ಧ ವೃತ್ತದಲ್ಲಿ ಹಿಂದಿರುಗಿತೆನ್ನೋಣ. ಒಳಗಿನ ಗಾಲಿ ಸುಮಾರು ಹತ್ತೂವರೆ ಮೀಟರ್ ಹೋದರೆ ಹೊರಗಿನದು ಹದಿನಾಲ್ಕೂವರೆ ಮೀಟರ್ ಹೋಗಬೇಕು. ಒಂದೇ ತಿರುವಿನಲ್ಲಿ 4 ಮೀಟರ್ ವ್ಯತ್ಯಾಸ! ಎರಡನ್ನೂ ಬಿಗಿದಿದ್ದರೆ ಒಂದು ಟೈರು ನೆಲವನ್ನು ಉಜ್ಜಲೇಬೇಕು, ಇಲ್ಲವೇ ಅಚ್ಚು ತಿರುಚಿಕೊಳ್ಳಬೇಕು. ಈ ತೊಡಕನ್ನು ನಿವಾರಿಸಲು ಎರಡು ಅರ್ಧ ಅಚ್ಚುಗಳ ನಡುವೆ ಚಿಕ್ಕ ಹಲ್ಲುಚಕ್ರಗಳ ಒಂದು ಗುಂಪನ್ನು ಇಡುತ್ತಾರೆ. ಇದೇ ಡಿಫರೆನ್ಶಿಯಲ್. ಒಂದು ಗಾಲಿ ಎಷ್ಟು ನಿಧಾನವಾಗುತ್ತದೋ ಇನ್ನೊಂದು ಅಷ್ಟೇ ವೇಗವಾಗಲು ಇದು ಬಿಡುತ್ತದೆ. ಒಂದು ಗಾಲಿ ಪೂರ್ತಿ ನಿಂತರೆ ಇನ್ನೊಂದು ಎರಡರಷ್ಟು ವೇಗದಲ್ಲಿ ತಿರುಗುತ್ತದೆ.

ಅದೇ ಗುಣ, ಅದೇ ಅವಗುಣ

ವೇಗವನ್ನು ಹೀಗೆ ಬೇರೆಬೇರೆಯಾಗಿ ಹಂಚುವ ಡಿಫರೆನ್ಶಿಯಲ್, ಬಲವನ್ನು ಮಾತ್ರ ಎರಡು ಕಡೆಗೂ ಸಮನಾಗಿ ಹಂಚುತ್ತದೆ. ಈ ಒಂದು ಮಾತನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಕೆಸರಿನಲ್ಲಿ ಟ್ರ್ಯಾಕ್ಟರು ನಿಲ್ಲುವುದರ ಕಾರಣವೆಲ್ಲ ಇದರಲ್ಲಿದೆ.

ಉದಾಹರಣೆಗೆ, ಬಲಗಡೆಯ ಹಿಂದಿನ ಗಾಲಿ ಗಟ್ಟಿ ನೆಲದ ಮೇಲಿದ್ದು 400 ಕಿಲೋ ಎಳೆಯುವಷ್ಟು ಹಿಡಿತ ಪಡೆದಿದೆ, ಎಡಗಡೆಯದು ಕೆಸರಿನಲ್ಲಿದ್ದು ಅದಕ್ಕೆ 60 ಕಿಲೋ ಎಳೆಯುವಷ್ಟು ಮಾತ್ರ ಹಿಡಿತವಿದೆ ಎಂದು ಇಟ್ಟುಕೊಳ್ಳೋಣ. ಒಟ್ಟು 460 ಕಿಲೋ ಸಿಗಬೇಕೆಂದು ಯಾರಿಗಾದರೂ ತೋರುತ್ತದೆ. ಸಿಗುವುದು 120 ಮಾತ್ರ. ಎಡಗಾಲಿ 60ಕ್ಕೆ ಜಾರಿತೆಂದರೆ ಬಲಗಾಲಿಗೂ ಅಷ್ಟೇ ಪಾಲು. ಗಟ್ಟಿ ನೆಲದಲ್ಲಿರುವ ಗಾಲಿ ಅಲ್ಲಾಡದೆ ನಿಲ್ಲುತ್ತದೆ, ಜಾರುವ ಗಾಲಿ ಎರಡರಷ್ಟು ವೇಗದಿಂದ ತಿರುಗುತ್ತ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಚಾಲಕ ಗಾಬರಿಯಿಂದ ಆಕ್ಸಿಲರೇಟರ್ ಹೆಚ್ಚಿಸಿದಷ್ಟೂ ಗುಂಡಿ ಆಳವಾಗುತ್ತದೆ. ಇಂಜಿನ್ 35 ಅಶ್ವಶಕ್ತಿಯದಾದರೂ ಅಷ್ಟೆ, 55ರದಾದರೂ ಅಷ್ಟೆ.

ಡಿಫರೆನ್ಶಿಯಲ್ ಲಾಕ್

ಎರಡು ಅರ್ಧ ಅಚ್ಚುಗಳನ್ನು ತಾತ್ಕಾಲಿಕವಾಗಿ ಒಂದಾಗಿ ಹಿಡಿಯುವ ಸಾಧನವೇ ಡಿಫರೆನ್ಶಿಯಲ್ ಲಾಕ್. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಇದರ ಪೆಡಲು ಚಾಲಕನ ಹಿಮ್ಮಡಿಯ ಹತ್ತಿರವೇ ಇರುತ್ತದೆ. ಅದನ್ನು ತುಳಿದಾಗ ಮೇಲಿನ ಉದಾಹರಣೆಯ 460 ಕಿಲೋ ಎಳೆತವೂ ದೊರೆಯುತ್ತದೆ. ವರ್ಷಗಟ್ಟಲೆ ಟ್ರ್ಯಾಕ್ಟರು ಓಡಿಸಿದರೂ ಈ ಪೆಡಲನ್ನು ಮುಟ್ಟದ ಚಾಲಕರಿದ್ದಾರೆ. ಕೆಲವು ಟ್ರ್ಯಾಕ್ಟರುಗಳಲ್ಲಿ ಅದು ಮಣ್ಣು ತುಂಬಿ ತುಕ್ಕು ಹಿಡಿದು ಅಲುಗಾಡುವುದೇ ಇಲ್ಲ. ನಾಟಿಯ ಹಂಗಾಮಿಗೆ ಮುನ್ನ ಇದನ್ನು ಒಮ್ಮೆ ಪರೀಕ್ಷಿಸಿಕೊಳ್ಳುವುದು ಲೇಸು.

ಲಾಕನ್ನು ತುಳಿಯುವುದಕ್ಕೂ ಒಂದು ಕ್ರಮವುಂಟು. ಗಾಲಿ ರಭಸದಿಂದ ಜಾರುತ್ತಿರುವಾಗ ತುಳಿದರೆ ಹಲ್ಲುಗಳು ಮುರಿಯಬಹುದು. ಮೊದಲು ಕ್ಲಚ್ ತುಳಿದು ಗಾಲಿಯನ್ನು ನಿಲ್ಲಿಸಬೇಕು. ನಂತರ ಲಾಕ್ ತುಳಿದು, ಕ್ಲಚ್ಚನ್ನು ಮೆಲ್ಲನೆ ಬಿಡುತ್ತ ನೇರವಾಗಿ ಮುಂದುವರಿಯಬೇಕು. ಗಟ್ಟಿ ನೆಲ ಸಿಕ್ಕೊಡನೆ ಕಾಲು ತೆಗೆದರೆ ಸ್ಪ್ರಿಂಗಿನಿಂದ ಲಾಕ್ ತಾನೇ ಬಿಡುತ್ತದೆ. ಬಿಡದಿದ್ದರೆ ಅಚ್ಚು ತಿರುಚಿ ಹಲ್ಲುಗಳು ಬಿಗಿದುಕೊಂಡಿವೆ ಎಂದು ಅರ್ಥ. ಆಕ್ಸಿಲರೇಟರ್ ಇಳಿಸಿ ಕ್ಲಚ್ ತುಳಿದರೆ ಬಿಗಿ ಸಾಮಾನ್ಯವಾಗಿ ಸಡಿಲುತ್ತದೆ. ಲಾಕ್ ಹಿಡಿದಿರುವಾಗ ತಿರುಗಿಸಲು ಹೋಗಲೇಬಾರದು. ಸ್ಟೀರಿಂಗ್ ತಿರುಗಿಸಿದರೂ ಟ್ರ್ಯಾಕ್ಟರು ನೇರವಾಗಿಯೇ ನುಗ್ಗುತ್ತದೆ. ಬದುವಿನ ಅಂಚಿನಲ್ಲಿ ಅಥವಾ ಕಾಲುವೆಯ ಏರಿಯ ಮೇಲೆ ಇದರ ಫಲವೇನೆಂಬುದನ್ನು ಹೇಳಬೇಕಾಗಿಲ್ಲ.

ಲಾಕ್ ಇಲ್ಲದ ಹಳೆಯ ಟ್ರ್ಯಾಕ್ಟರಿನಲ್ಲಿ ಜಾರುವ ಕಡೆಯ ಬ್ರೇಕನ್ನು ಮಾತ್ರ ಹಗುರವಾಗಿ ಒತ್ತುವ ಉಪಾಯವಿದೆ. ಬ್ರೇಕಿನ ತಡೆಯೂ ಆ ಗಾಲಿಯ ಹಿಡಿತದೊಡನೆ ಲೆಕ್ಕಕ್ಕೆ ಸೇರುವುದರಿಂದ ಇನ್ನೊಂದು ಗಾಲಿಯ ಪಾಲೂ ಅಷ್ಟು ಹೆಚ್ಚುತ್ತದೆ. ಕೆಲಸ ಮುಗಿದು ರಸ್ತೆಗೆ ಬರುವ ಮೊದಲು ಎರಡು ಬ್ರೇಕ್ ಪೆಡಲುಗಳನ್ನೂ ಸೇರಿಸುವ ಕೊಂಡಿಯನ್ನು ತಪ್ಪದೆ ಹಾಕಬೇಕು.

ಮುಂದಿನ ಗಾಲಿಗೂ ಚಾಲನೆ ಬಂದಾಗ

ಎರಡು ಗಾಲಿ ಚಾಲನೆಯ ಟ್ರ್ಯಾಕ್ಟರಿನ ತೂಕದಲ್ಲಿ ಸುಮಾರು ಮೂರನೆಯ ಒಂದು ಭಾಗ ಮುಂದಿನ ಗಾಲಿಗಳ ಮೇಲಿರುತ್ತದೆ. ಎಳೆತದ ದೃಷ್ಟಿಯಿಂದ ಆ ತೂಕ ವ್ಯರ್ಥ. ಅಷ್ಟೇ ಅಲ್ಲ, ಮೆತ್ತನೆಯ ಕೆಸರಿನಲ್ಲಿ ಆ ಸಣ್ಣ ಗಾಲಿಗಳು ಮಣ್ಣನ್ನು ಎದುರಿಗೆ ಗುಡ್ಡೆ ಮಾಡಿಕೊಳ್ಳುತ್ತ ಹೋಗುತ್ತವೆ, ಅವುಗಳನ್ನು ನೂಕುವ ಹೊರೆಯೂ ಹಿಂದಿನ ಗಾಲಿಗಳದೇ. ನಾಲ್ಕು ಗಾಲಿ ಚಾಲನೆಯಲ್ಲಿ ಮುಂದಿನ ಗಾಲಿಗಳು ದೊಡ್ಡವು, ಅವುಗಳ ಟೈರಿಗೂ ಕಚ್ಚುವ ಹಲ್ಲುಗಳಿರುತ್ತವೆ, ತೂಕದ ಸುಮಾರು ನೂರಕ್ಕೆ 40 ಭಾಗ ಅವುಗಳ ಮೇಲಿರುತ್ತದೆ. ಅವು ತಾವೂ ಎಳೆದು, ಹಿಂದಿನ ಗಾಲಿಗೆ ದಾರಿಯನ್ನೂ ಒತ್ತಿಕೊಡುತ್ತವೆ. ಕೆಸರು ಗದ್ದೆಯಲ್ಲಿ ಇದರ ಲಾಭ ನಿಜವಾದದ್ದು.

ಆದರೆ ಮುಂದಿನ ಅಚ್ಚಿಗೂ ಒಂದು ಡಿಫರೆನ್ಶಿಯಲ್ ಇದೆ. ಲಾಕ್ ಇಲ್ಲದಿದ್ದರೆ ಅದೂ ಹಿಂದಿನದರಂತೆಯೇ ಜಾರುವ ಗಾಲಿಯ ಮಟ್ಟಕ್ಕೆ ಇಳಿಯುತ್ತದೆ. ಎಡಗಡೆಯ ಎರಡು ಗಾಲಿಗಳೂ ಒಂದೇ ಗುಂಡಿಯ ಸಾಲಿಗೆ ಬಿದ್ದರೆ ನಾಲ್ಕು ಗಾಲಿ ಚಾಲನೆಯಿದ್ದೂ ಟ್ರ್ಯಾಕ್ಟರು ನಿಲ್ಲುತ್ತದೆ. ಹಿಂದಿನ ಲಾಕನ್ನು ತುಳಿದರೆ ಹಿಂದಿನ ಎರಡೂ ಗಾಲಿ ಒಟ್ಟಿಗೆ ಎಳೆಯುತ್ತವೆ, ಮುಂದಿನ ಜೊತೆ ಮಾತ್ರ ಹಾಗೆಯೇ ಉಳಿಯುತ್ತದೆ. ಕೆಲವು ಟ್ರ್ಯಾಕ್ಟರುಗಳ ಮುಂದಿನ ಅಚ್ಚಿನಲ್ಲಿ ಜಾರುವಿಕೆಯನ್ನು ತಾನಾಗಿ ಮಿತಿಗೊಳಿಸುವ ಡಿಫರೆನ್ಶಿಯಲ್ ಇರುತ್ತದೆ. ಮುಂದಿನ ಅಚ್ಚಿನಲ್ಲಿ ಇರುವುದು ಯಾವ ಬಗೆ, ಲಾಕ್ ಎಲ್ಲಿದೆ ಎಂಬುದನ್ನು ಕೊಳ್ಳುವಾಗಲೇ ಕೇಳಿ ತಿಳಿಯಬೇಕು. ಬಾನೆಟ್ಟಿನ ಮೇಲಿನ ಬರಹ ಇದನ್ನು ಹೇಳುವುದಿಲ್ಲ.

ಇನ್ನೊಂದು ವಿಷಯ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಡಿಫರೆನ್ಶಿಯಲ್ ಇರುವುದಿಲ್ಲ. ಲಿವರ್ ಹಾಕಿದೊಡನೆ ಎರಡೂ ನೇರವಾಗಿ ಬಂಧಿತವಾಗುತ್ತವೆ. ತಿರುಗುವಾಗ ಮುಂದಿನ ಗಾಲಿಗಳು ಹೆಚ್ಚು ದೂರ ಹೋಗಬೇಕಾಗಿರುವುದರಿಂದ ಅವು ಹಿಂದಿನವುಗಳಿಗಿಂತ ನೂರಕ್ಕೆ 1ರಿಂದ 5ರಷ್ಟು ವೇಗವಾಗಿ ಉರುಳುವಂತೆ ತಯಾರಕರು ಏರ್ಪಡಿಸಿರುತ್ತಾರೆ. ಗದ್ದೆಯಲ್ಲಿ ಈ ವ್ಯತ್ಯಾಸವನ್ನು ಮಣ್ಣು ನುಂಗಿಕೊಳ್ಳುತ್ತದೆ. ಡಾಂಬರು ರಸ್ತೆ ನುಂಗುವುದಿಲ್ಲ. ಅಲ್ಲಿ ಟೈರು ಸವೆಯುತ್ತದೆ, ಹಲ್ಲುಚಕ್ರಗಳು ಬಿಗಿಯುತ್ತವೆ, ಡೀಸೆಲ್ ವ್ಯರ್ಥವಾಗುತ್ತದೆ. ಆದುದರಿಂದ ಗದ್ದೆಯಿಂದ ಮೇಲೆ ಬಂದು ಗಟ್ಟಿಯಾದ ಸಮ ರಸ್ತೆ ಹಿಡಿದೊಡನೆ ಮುಂದಿನ ಚಾಲನೆಯನ್ನು ಬಿಡಿಸಬೇಕು.

ಟೈರುಗಳನ್ನು ಬದಲಾಯಿಸುವಾಗಲೂ ಈ ವ್ಯತ್ಯಾಸ ಕೆಡುತ್ತದೆ. ಹಿಂದೆ ಹೊಸ ಟೈರು ಹಾಕಿ ಮುಂದೆ ಸವೆದದ್ದನ್ನೇ ಉಳಿಸಿದರೆ ಮುಂದಿನ ಗಾಲಿ ಹಿಂದುಳಿದು, ಎಳೆಯುವ ಬದಲು ತಡೆಯತೊಡಗಬಹುದು. ಹಿಂದಿನ ಟೈರು ತೆಗೆದು ಬೇರೆ ಅಳತೆಯ ಕೇಜ್‌ವೀಲ್ ಹಾಕಿದಾಗಲೂ ಇದೇ ತೊಂದರೆ. ಪರೀಕ್ಷೆ ಸುಲಭ. ಸಮನಾದ ಸಡಿಲ ನೆಲದಲ್ಲಿ, ಹಿಂದೆ ಯಾವ ಉಪಕರಣವನ್ನೂ ಎಳೆಯದೆ, ಒಂದು ಹಿಂದಿನ ಮತ್ತು ಒಂದು ಮುಂದಿನ ಗಾಲಿಗೆ ಸುಣ್ಣದ ಗುರುತು ಹಾಕಬೇಕು. ಮುಂದಿನ ಚಾಲನೆ ಬಿಡಿಸಿ, ಹಿಂದಿನ ಗಾಲಿ 10 ಸುತ್ತು ತಿರುಗುವವರೆಗೆ ಹೋಗಿ ಮುಂದಿನ ಗಾಲಿಯ ಸುತ್ತುಗಳನ್ನು ಎಣಿಸಬೇಕು. ಚಾಲನೆ ಹಾಕಿ ಮತ್ತೆ ಹಾಗೆಯೇ ಎಣಿಸಬೇಕು. ಮೊದಲ ಸಲ 15, ಎರಡನೆಯ ಸಲ ಹದಿನೈದೂವರೆ ಬಂದರೆ ಮುನ್ನಡೆ ನೂರಕ್ಕೆ ಸುಮಾರು 3. ಇದು ಸರಿಯಾಗಿದೆ. ಎರಡನೆಯ ಎಣಿಕೆ ಮೊದಲಿನದಕ್ಕಿಂತ ಕಡಿಮೆ ಬಂದರೆ ಟೈರುಗಳ ಜೋಡಿ ಸರಿಯಿಲ್ಲ.

ಇಳಿಜಾರಿನಲ್ಲಿ

ಅನೇಕ ಟ್ರ್ಯಾಕ್ಟರುಗಳಲ್ಲಿ ಬ್ರೇಕು ಹಿಂದಿನ ಗಾಲಿಗಳಿಗೆ ಮಾತ್ರ. ಹೊರೆಯೊಡನೆ ಕಡಿದಾದ ಮಣ್ಣಿನ ದಾರಿ ಇಳಿಯುವಾಗ ಮುಂದಿನ ಚಾಲನೆ ಹಾಕಿದ್ದರೆ ಇಂಜಿನ್ನಿನ ತಡೆಯೂ ಬ್ರೇಕಿನ ತಡೆಯೂ ನಾಲ್ಕು ಗಾಲಿಗಳಿಗೆ ಮುಟ್ಟುತ್ತವೆ. ಕೊಡಗು, ಚಿಕ್ಕಮಗಳೂರುಗಳ ತೋಟಗಾರರು ಇದನ್ನು ಗಮನದಲ್ಲಿಡಬೇಕು.

ತೋಟದ ದಾರಿಗಳಿಗೆ ಯೋಗ್ಯವೆಂದು ಕೆಲವರು ವಿಚಾರಿಸುವ ಎಟಿವಿ ಎಂಬ ಚಿಕ್ಕ ವಾಹನಗಳಲ್ಲಿ ಈ ವಿಷಯ ಇನ್ನೂ ಸೂಕ್ಷ್ಮ. ಹೋಂಡಾ ಕಂಪನಿ 1986ರಲ್ಲಿ ನಾಲ್ಕು ಗಾಲಿಗೂ ಚಾಲನೆಯಿರುವ ಎಟಿವಿಯನ್ನು ಮಾರುಕಟ್ಟೆಗೆ ತಂದಿತು. ಅಂದಿನಿಂದ ಮುಂದಿನ ಅಚ್ಚಿನಲ್ಲಿ ನಾನಾ ಬಗೆಗಳು ಬಂದಿವೆ. ಕೆಲವುಗಳಲ್ಲಿ ಜಾರುವಿಕೆ ಮಿತಿಗೊಳಿಸುವ ಡಿಫರೆನ್ಶಿಯಲ್, ಕೆಲವುಗಳಲ್ಲಿ ಗುಂಡಿಯಿಂದಲೋ ಲಿವರಿನಿಂದಲೋ ಲಾಕ್ ಮಾಡುವ ಡಿಫರೆನ್ಶಿಯಲ್ ಇರುತ್ತದೆ. ಲಾಕ್ ಮಾಡಿದಾಗ ಹ್ಯಾಂಡಲ್ ಬಲು ಭಾರವಾಗುತ್ತದೆ. ಇನ್ನು ಕೆಲವುಗಳಲ್ಲಿ ಮುಂದೆ ಡಿಫರೆನ್ಶಿಯಲ್ಲೇ ಇಲ್ಲ. ಅದರ ಬದಲು ಉರುಳೆಗಳ ಒಂದು ಕ್ಲಚ್ಚಿದ್ದು, ಹಿಂದಿನ ಗಾಲಿ ಜಾರಿದಾಗ ಮಾತ್ರ ಅದು ಮುಂದಿನ ಎರಡೂ ಗಾಲಿಗಳನ್ನು ಹಿಡಿಯುತ್ತದೆ. ಏರುವಾಗ ಇದು ಬಹಳ ಅನುಕೂಲ. ಇಳಿಯುವಾಗ, ಪ್ರತ್ಯೇಕ ಏರ್ಪಾಡು ಇಲ್ಲದಿದ್ದರೆ, ಮುಂದಿನ ಗಾಲಿಗಳಿಗೆ ಇಂಜಿನ್ನಿನ ತಡೆ ಸಿಗದೆ ಅವು ಬರಿದೇ ಉರುಳುತ್ತವೆ. ನಾಲ್ಕು ಗಾಲಿಯೂ ಹಿಡಿದಿವೆ ಎಂಬ ಭರವಸೆಯಿಂದ ಇಳಿಯುವವನಿಗೆ ಇದು ಅಪಾಯ. ಸಾಲದ್ದಕ್ಕೆ ಕೃಷಿ ಕೆಲಸದ ಎಟಿವಿಗಳಲ್ಲಿ ಅನೇಕವು ಹಿಂದಿನ ಎರಡು ಗಾಲಿಗಳನ್ನೂ ಒಂದೇ ಅಚ್ಚಿಗೆ ಬಿಗಿದವು, ಗಟ್ಟಿ ನೆಲದಲ್ಲಿ ಸುಲಭವಾಗಿ ತಿರುಗುವುದಿಲ್ಲ. ಇವು ಮಗುಚಿ ಆಗುವ ಸಾವುಗಳ ಕಾರಣದಿಂದಲೇ ಆಸ್ಟ್ರೇಲಿಯಾದಲ್ಲಿ 2021ರ ಅಕ್ಟೋಬರಿನಿಂದ, ಮಾರಾಟವಾಗುವ ಹೊಸ ಸಾಮಾನ್ಯ ಬಳಕೆಯ ಎಟಿವಿಗಳಿಗೆ ಸವಾರನನ್ನು ಕಾಪಾಡುವ ಕಮಾನು ಕಡ್ಡಾಯವಾಗಿದೆ.

ಯಾರಿಗೆ ಯಾವುದು?

ಕೋಲಾರದ ಕೆಂಪು ಮಣ್ಣಿನಲ್ಲಿ ಒಣ ಬೇಸಾಯ ಮಾಡುತ್ತ, ವರ್ಷದ ಹೆಚ್ಚು ದಿನ ಟ್ರೈಲರ್ ಎಳೆಯುವ ಟ್ರ್ಯಾಕ್ಟರಿಗೆ ಮುಂದಿನ ಚಾಲನೆ ಅನಾವಶ್ಯಕ ಖರ್ಚು. ಅಲ್ಲಿ ಎರಡು ಗಾಲಿ ಚಾಲನೆ ಮತ್ತು ಕೆಲಸ ಮಾಡುವ ಲಾಕ್ ಸಾಕು. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಎರೆಮಣ್ಣಿನ ಗದ್ದೆಗಳಲ್ಲಿ ಹಂಗಾಮಿಡೀ ಕೆಸರು ಮಾಡುವವರಿಗೆ, ಬಾಡಿಗೆಗೆ ದುಡಿಸುವವರಿಗೆ ಅದು ಬೆಲೆಗೆ ತಕ್ಕ ಕೆಲಸ ಕೊಡುತ್ತದೆ. ಎರಡರ ನಡುವೆ ಇರುವವರು ಬ್ಯಾಂಕಿನ ಕಂತನ್ನೂ, ವರ್ಷದಲ್ಲಿ ನಿಜವಾಗಿ ಕೆಸರಿನಲ್ಲಿ ದುಡಿಯುವ ದಿನಗಳನ್ನೂ ಎದುರುಬದುರು ಇಟ್ಟು ನೋಡಬೇಕು. ಮುಂದಿನ ಅಚ್ಚಿನ ಎಣ್ಣೆ, ಸೀಲು, ಟೈರುಗಳ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹೂತುಹೋದಾಗ

ಎಷ್ಟು ಎಚ್ಚರವಿದ್ದರೂ ಒಮ್ಮೊಮ್ಮೆ ಟ್ರ್ಯಾಕ್ಟರು ಹೂಳುತ್ತದೆ. ಆಗ ಹಿಂದಿನ ಗಾಲಿಗಳಿಗೆ ಮರದ ದಿಮ್ಮಿ ಕಟ್ಟಿ ಮುಂದಕ್ಕೆ ಓಡಿಸುವ ಪದ್ಧತಿ ಕೆಲವೆಡೆ ಉಂಟು. ಇದು ಪ್ರಾಣಕ್ಕೇ ಕುತ್ತು. ಗಾಲಿ ತಿರುಗಲಾರದೆ ನಿಂತರೆ ಇಂಜಿನ್ನಿನ ಬಲ ಅಚ್ಚಿನ ಸುತ್ತ ಟ್ರ್ಯಾಕ್ಟರಿನ ಒಡಲನ್ನೇ ಎತ್ತುತ್ತದೆ. ಒಂದೆರಡು ಸೆಕೆಂಡಿನಲ್ಲಿ ಅದು ಹಿಂದಕ್ಕೆ ಮಗುಚಿ ಚಾಲಕನ ಮೇಲೆ ಬೀಳುತ್ತದೆ. ಕ್ಲಚ್ ತುಳಿಯಲೂ ಸಮಯವಿರುವುದಿಲ್ಲ. ಮೊದಲು ಉಪಕರಣವನ್ನು ಬಿಚ್ಚಬೇಕು, ಗಾಲಿಗಳ ಹಿಂದಿನ ಮಣ್ಣನ್ನು ತೋಡಿ ತೆಗೆಯಬೇಕು, ಲಾಕ್ ಹಾಕಿ ರಿವರ್ಸ್ ಗೇರಿನಲ್ಲಿ ಮೆಲ್ಲನೆ ಹಿಂದಕ್ಕೆ ಬರಲು ಯತ್ನಿಸಬೇಕು. ಹಿಂದಕ್ಕೆ ಬರುವಾಗ ಮುಂಭಾಗ ಏಳುವುದಿಲ್ಲ. ಆಗದಿದ್ದರೆ ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸಬೇಕು. ಎಳೆಯುವ ಟ್ರ್ಯಾಕ್ಟರಿನ ಸರಪಳಿಯನ್ನು ಕೆಳಗಿನ ಡ್ರಾಬಾರಿಗೆ ಮಾತ್ರ ಕಟ್ಟಬೇಕು, ಅಚ್ಚಿಗಾಗಲಿ ಮೇಲಿನ ಕೊಂಡಿಗಾಗಲಿ ಕಟ್ಟಬಾರದು. ಜಗ್ಗದೆ, ಸರಪಳಿ ಬಿಗಿಯಾದ ಮೇಲೆ ನಿಧಾನವಾಗಿ ಎಳೆಯಬೇಕು. ತುಂಡಾದ ಸರಪಳಿ ಚಾಟಿಯಂತೆ ಬೀಸಿ ಬರುವುದರಿಂದ ನೋಡಲು ನೆರೆದವರನ್ನು, ವಿಶೇಷವಾಗಿ ಮಕ್ಕಳನ್ನು, ಸರಪಳಿಯ ಉದ್ದಕ್ಕಿಂತ ಹೆಚ್ಚು ದೂರದಲ್ಲಿ ನಿಲ್ಲಿಸಬೇಕು.