ಪಿಕಪ್ ವಾಹನದ ಬ್ರೇಕ್ ಗಟ್ಟಿಯಾದಾಗ: ನಿರ್ವಾತದ ಕೊರತೆ ಮತ್ತು ಪರಿಹಾರ

ಬೆಳೆದ ಮಾಲನ್ನು ಮಾರುಕಟ್ಟೆಗೆ ಸಾಗಿಸಲು ಅನೇಕ ರೈತರು ಸ್ವಂತ ಪಿಕಪ್ ಅಥವಾ ಜೀಪು ಇಟ್ಟುಕೊಂಡಿರುತ್ತಾರೆ. ಈ ವಾಹನಗಳು ಹಳತಾದಂತೆ ಕೆಲವೊಮ್ಮೆ ಬ್ರೇಕ್ ಪೆಡಲು ಗಟ್ಟಿಯಾಗುತ್ತದೆ. ಬಲವಾಗಿ ತುಳಿದರೂ ವಾಹನ ಬೇಗ ನಿಲ್ಲುವುದಿಲ್ಲ. ಖಾಲಿ ಗಾಡಿಯಲ್ಲಿ ಇದು ಅಷ್ಟಾಗಿ ತಿಳಿಯುವುದಿಲ್ಲ. ಅಡಿಕೆ ಮೂಟೆ ಹೇರಿಕೊಂಡು ಆಗುಂಬೆ, ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಇದೇ ದೋಷ ಪ್ರಾಣಕ್ಕೆ ಸಂಚಕಾರ ತರಬಲ್ಲದು. ಹೊಸ ಲೈನರು ಹಾಕಿಸಿದರೂ ಸರಿಹೋಗದ ಇಂಥ ತೊಂದರೆಗೆ ಹಲವು ಸಲ ನಿರ್ವಾತದ ಕೊರತೆಯೇ ಕಾರಣ.

ಬೂಸ್ಟರ್ ಕೆಲಸ ಮಾಡುವ ರೀತಿ

ಪೆಡಲಿಗೂ ಮಾಸ್ಟರ್ ಸಿಲಿಂಡರಿಗೂ ನಡುವೆ ದುಂಡನೆಯ ತಗಡಿನ ಡಬ್ಬಿಯೊಂದು ಇರುತ್ತದೆ. ಇದೇ ಬೂಸ್ಟರ್. ಇದರೊಳಗೆ ರಬ್ಬರಿನ ಪರದೆ ಇದ್ದು, ಪೆಡಲು ತುಳಿಯದಿರುವಾಗ ಅದರ ಎರಡೂ ಕಡೆ ನಿರ್ವಾತವಿರುತ್ತದೆ. ಪೆಡಲು ತುಳಿದೊಡನೆ ಹಿಂಬದಿಗೆ ಹೊರಗಿನ ಗಾಳಿ ನುಗ್ಗಿ ಪರದೆಯನ್ನು ಮುಂದಕ್ಕೆ ದೂಡುತ್ತದೆ. ಈ ಬಲ ಚಾಲಕನ ಕಾಲಿನ ಬಲಕ್ಕೆ ಸೇರಿಕೊಳ್ಳುತ್ತದೆ.

ಪರದೆಯ ಅಡ್ಡಗಲ 23 ಸೆಂ.ಮೀ. ಇದ್ದು, ನಿರ್ವಾತ ಪಾದರಸದ 500 ಮಿ.ಮೀ. ಇದ್ದರೆ ದೊರೆಯುವ ಬಲ ಸುಮಾರು 280 ಕಿಲೋ. ನಿರ್ವಾತ 250 ಮಿ.ಮೀ.ಗೆ ಇಳಿದರೆ ಈ ಬಲವೂ ಅರ್ಧಕ್ಕೆ ಇಳಿಯುತ್ತದೆ. ಕೊರತೆಯನ್ನು ಚಾಲಕನ ಕಾಲೇ ತುಂಬಬೇಕಾಗುತ್ತದೆ.

ನಿರ್ವಾತ ಎಲ್ಲಿಂದ ಬರುತ್ತದೆ?

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಒಳಸೇರುವ ಮ್ಯಾನಿಫೋಲ್ಡಿನಿಂದಲೇ ನಿರ್ವಾತ ಸಿಗುತ್ತದೆ. ಸುಸ್ಥಿತಿಯ ಎಂಜಿನ್ ನಿಧಾನ ಓಟದಲ್ಲಿ ಸಮುದ್ರ ಮಟ್ಟದಲ್ಲಿ ಸುಮಾರು 430ರಿಂದ 560 ಮಿ.ಮೀ. ತೋರಿಸುತ್ತದೆ. ಎತ್ತರ ಹೆಚ್ಚಿದಂತೆ ಪ್ರತಿ 300 ಮೀಟರಿಗೆ ಸುಮಾರು 25 ಮಿ.ಮೀ. ಕಡಿಮೆಯಾಗುತ್ತದೆ. ಆದ್ದರಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 75 ಮಿ.ಮೀ.ನಷ್ಟು ಕಡಿಮೆ ಕಂಡರೆ ಅದು ದೋಷವಲ್ಲ.

ಡೀಸೆಲ್ ಎಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ಬ್ರೇಕಿಗೆ ಸಾಲುವಷ್ಟು ನಿರ್ವಾತ ಉಂಟಾಗುವುದಿಲ್ಲ. ಅದಕ್ಕಾಗಿ ಬೇರೆ ಪಂಪು ಇರುತ್ತದೆ. ಕೆಲವು ವಾಹನಗಳಲ್ಲಿ ಇದು ಆಲ್ಟರ್ನೇಟರಿನ ಬೆನ್ನಿಗೆ, ಕೆಲವಲ್ಲಿ ಕ್ಯಾಮ್‌ಶಾಫ್ಟಿನ ತುದಿಗೆ ಜೋಡಣೆಯಾಗಿರುತ್ತದೆ. ಸಾಮಾನ್ಯ ಟ್ರಾಕ್ಟರುಗಳ ಬ್ರೇಕಿಗೆ ಇಂಥ ಬೂಸ್ಟರ್ ಇರುವುದಿಲ್ಲ.

ದೋಷವನ್ನು ಗುರುತಿಸುವುದು

ಪೆಡಲು ಮೆತ್ತಗಾಗಿ ಕೆಳಗೆ ಹೋಗುತ್ತಿದ್ದರೆ ಅದು ಬ್ರೇಕ್ ಆಯಿಲ್ ಸೋರಿಕೆ ಅಥವಾ ಕೊಳವೆಯಲ್ಲಿ ಗಾಳಿ ಸೇರಿರುವುದರ ಲಕ್ಷಣ. ಪೆಡಲು ಗಟ್ಟಿಯಾಗಿದ್ದರೆ ಮಾತ್ರ ನಿರ್ವಾತವನ್ನು ಸಂಶಯಿಸಬೇಕು. ಸಮತಟ್ಟಾದ ಜಾಗದಲ್ಲಿ, ಚಕ್ರಗಳಿಗೆ ಕಲ್ಲು ಕೊಟ್ಟು, ಕೆಳಗಿನ ಪರೀಕ್ಷೆಗಳನ್ನು ಮಾಡಬಹುದು.

1. ಎಂಜಿನ್ ನಿಲ್ಲಿಸಿ ಪೆಡಲನ್ನು ಐದಾರು ಸಲ ತುಳಿಯಬೇಕು. ಅದು ಗಟ್ಟಿಯಾದ ಮೇಲೆ ಕಾಲನ್ನು ಒತ್ತಿಯೇ ಹಿಡಿದು ಎಂಜಿನ್ ಚಾಲೂ ಮಾಡಬೇಕು. ಕೆಲವೇ ಸೆಕೆಂಡುಗಳಲ್ಲಿ ಪೆಡಲು ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ನಿರ್ವಾತ ಬರುತ್ತಿಲ್ಲ ಅಥವಾ ಬೂಸ್ಟರ್ ಕೆಟ್ಟಿದೆ.

2. ಎಂಜಿನ್ ಎರಡು ನಿಮಿಷ ಓಡಿಸಿ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ತುಳಿಯಬೇಕು. ಮೊದಲ ತುಳಿತ ಹಗುರಾಗಿದ್ದು ಮುಂದಿನವು ಕ್ರಮೇಣ ಗಟ್ಟಿಯಾಗಬೇಕು. ಮೊದಲ ಸಲವೇ ಗಟ್ಟಿಯಾದರೆ, ಕೂಡಿದ್ದ ನಿರ್ವಾತ ಸೋರಿಹೋಗಿದೆ ಎಂದರ್ಥ.

3. ಎಂಜಿನ್ ಓಡುವಾಗ ಪೆಡಲು ಒತ್ತಿ ಹಿಡಿದು ಎಂಜಿನ್ ನಿಲ್ಲಿಸಬೇಕು. 30 ಸೆಕೆಂಡಿನ ತನಕ ಪೆಡಲು ಕಾಲನ್ನು ಮೇಲಕ್ಕೆ ದೂಡಬಾರದು. ದೂಡಿದರೆ ಬೂಸ್ಟರಿನಲ್ಲಿ ಅಥವಾ ಒಮ್ಮುಖ ವಾಲ್ವಿನಲ್ಲಿ ಸೋರಿಕೆಯಿದೆ.

ಸರಿಪಡಿಸುವ ಕ್ರಮ

ದುಬಾರಿ ಭಾಗಗಳನ್ನು ಬದಲಿಸುವ ಮುನ್ನ ಅಗ್ಗದವನ್ನು ನೋಡುವುದು ಜಾಣತನ. ಮೊದಲು ಬೂಸ್ಟರಿಗೆ ಬರುವ ರಬ್ಬರ್ ಕೊಳವೆಯನ್ನು ಉದ್ದಕ್ಕೂ ಪರೀಕ್ಷಿಸಬೇಕು. ಬಿರುಕು, ಸಡಿಲ ಕ್ಲಿಪ್ಪು, ಇಲಿ ಕಡಿದ ಗುರುತು ಇವೆಯೇ ನೋಡಬೇಕು. ನೀರು ಅಥವಾ ಡೀಸೆಲಿನ ಕೊಳವೆಯನ್ನು ಇಲ್ಲಿ ಹಾಕಬಾರದು. ಎಳೆತಕ್ಕೆ ಅದು ಚಪ್ಪಟೆಯಾಗಿ ಮುಚ್ಚಿಕೊಳ್ಳಬಹುದು.

ಎರಡನೆಯದು ಒಮ್ಮುಖ ವಾಲ್ವು. ಇದನ್ನು ಬಿಚ್ಚಿ, ಒರೆಸಿ, ಊದಿ ನೋಡಬಹುದು. ಬೂಸ್ಟರ್ ಕಡೆಯಿಂದ ಊದಿದಾಗ ಗಾಳಿ ಹೋಗಬೇಕು, ಎಂಜಿನ್ ಕಡೆಯಿಂದ ಹೋಗಬಾರದು. ಎರಡೂ ಕಡೆಯಿಂದ ಹೋದರೆ ವಾಲ್ವನ್ನು ಬದಲಿಸಬೇಕು. ಮತ್ತೆ ಕೂರಿಸುವಾಗ ದಿಕ್ಕು ತಪ್ಪಬಾರದು.

ಮೂರನೆಯದಾಗಿ ಮೆಕ್ಯಾನಿಕರಿಂದ ವ್ಯಾಕ್ಯೂಮ್ ಗೇಜು ಹಾಕಿಸಬೇಕು. ಡೀಸೆಲ್ ವಾಹನದಲ್ಲಿ ಗೇಜನ್ನು ನೇರವಾಗಿ ಪಂಪಿಗೆ ಜೋಡಿಸಿದಾಗ ನಿರ್ವಾತ ಸಾಕಷ್ಟು ಬಂದು, ಬೂಸ್ಟರ್ ಸೇರಿಸಿದ ಮೇಲೆ ಇಳಿದರೆ ಸೋರಿಕೆ ಕೊಳವೆಯಲ್ಲಿ ಅಥವಾ ಬೂಸ್ಟರಿನಲ್ಲಿದೆ. ಪಂಪಿನ ಬಳಿಯೇ ಕಡಿಮೆಯಿದ್ದರೆ ಆಲ್ಟರ್ನೇಟರ್ ಬೆಲ್ಟಿನ ಬಿಗಿತ, ಎಂಜಿನ್ ಆಯಿಲಿನ ಮಟ್ಟ ಮತ್ತು ಪಂಪಿಗೆ ಆಯಿಲ್ ಒಯ್ಯುವ ಕೊಳವೆಯನ್ನು ನೋಡಬೇಕು. ಇವೆಲ್ಲ ಸರಿಯಿದ್ದರೆ ಪಂಪಿನ ಒಳಗಿನ ಅಲಗುಗಳು ಸವೆದಿರುವ ಸಾಧ್ಯತೆ ಹೆಚ್ಚು. ಇರಬೇಕಾದ ಅಳತೆಯನ್ನು ಆಯಾ ವಾಹನದ ಕೈಪಿಡಿಯಿಂದ ತಿಳಿಯಬೇಕು.

ಹಳೆಯ ಪೆಟ್ರೋಲ್ ಜೀಪಿನಲ್ಲಿ ಕಾರ್ಬ್ಯುರೇಟರ್ ಮತ್ತು ಮ್ಯಾನಿಫೋಲ್ಡಿನ ಪ್ಯಾಕಿಂಗು, ಇಗ್ನಿಷನ್ ಟೈಮಿಂಗ್, ವಾಲ್ವುಗಳ ಸಂದು ಇವನ್ನು ಸರಿಪಡಿಸಬೇಕು. ಪಿಸ್ಟನ್ ರಿಂಗು ಸವೆದಿದ್ದರೂ ನಿರ್ವಾತ ಇಳಿಯುತ್ತದೆ. ಹೆಚ್ಚುವರಿ ನಿರ್ವಾತದ ಟ್ಯಾಂಕು ಕೂಡಿಸುವುದು ಇದಕ್ಕೆ ಮದ್ದಲ್ಲ. ಟ್ಯಾಂಕು ನಿರ್ವಾತವನ್ನು ಕೂಡಿಡುತ್ತದೆಯೇ ಹೊರತು ಉಂಟುಮಾಡುವುದಿಲ್ಲ.

ಹೊರಗೆಲ್ಲೂ ಸೋರಿಕೆ ಕಾಣದೆ ಬ್ರೇಕ್ ಆಯಿಲ್ ಕಡಿಮೆಯಾಗುತ್ತಿದ್ದರೆ ಅದು ಮಾಸ್ಟರ್ ಸಿಲಿಂಡರಿನಿಂದ ಬೂಸ್ಟರಿನೊಳಕ್ಕೆ ಇಳಿಯುತ್ತಿರಬಹುದು. ಆಗ ಎರಡನ್ನೂ ಬಿಚ್ಚಿ ನೋಡಬೇಕು.

ಮರೆಯಬಾರದ ಎಚ್ಚರಿಕೆ

ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ ನಿಲ್ಲಿಸಿ ಗಾಡಿ ಬಿಡುವ ರೂಢಿ ಕೆಲವರಲ್ಲಿದೆ. ಎಂಜಿನ್ ನಿಂತ ಮೇಲೆ ಬೂಸ್ಟರಿನಲ್ಲಿ ಉಳಿದ ನಿರ್ವಾತ ಎರಡು ಮೂರು ತುಳಿತಕ್ಕೆ ಮುಗಿಯುತ್ತದೆ. ನಾಲ್ಕನೆಯ ತಿರುವಿನಲ್ಲಿ ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ. ಉಳಿಯುವ ಡೀಸೆಲ್ ಅಲ್ಪ, ಕಳೆದುಕೊಳ್ಳುವುದು ಅಪಾರ. ಘಾಟಿಯನ್ನು ಹತ್ತಲು ಬೇಕಾದ ಗೇರಿನಲ್ಲಿಯೇ ಇಳಿಯುವುದು ಕ್ಷೇಮ.

ದುರಸ್ತಿಯ ನಂತರ ಮೊದಲು ಖಾಲಿ ಗಾಡಿಯನ್ನು ಜನಸಂಚಾರವಿಲ್ಲದ ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ಬ್ರೇಕ್ ಪರೀಕ್ಷಿಸಬೇಕು. ಬಳಿಕವೇ ಮಾಲು ಹೇರಬೇಕು. ಮೊದಲನೆಯ ಪರೀಕ್ಷೆಗೆ ಬೇಕಾಗುವುದು ಒಂದು ನಿಮಿಷ ಮಾತ್ರ. ಸಂತೆಗೆ ಹೊರಡುವ ಪ್ರತಿ ಬೆಳಗ್ಗೆ ಇದನ್ನು ರೂಢಿಸಿಕೊಂಡರೆ ದೋಷ ಘಾಟಿಯಲ್ಲಿ ಕಾಣಿಸಿಕೊಳ್ಳುವ ಮೊದಲು ಮನೆಯಂಗಳದಲ್ಲಿಯೇ ತಿಳಿದುಬರುತ್ತದೆ.